90 ದಿನದ ನೋಟಿಸಪ್ಪ

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವುದಾದರೊಂದು ಟೆಕ್ ಪಾರ್ಕಿನ ಕ್ಯಾಂಟೀನಿಗೆ ಬೆಳಿಗ್ಗೆ ಹನ್ನೊಂದೂವರೆಗೆ ಹೋಗಿ ನೋಡಿ. ಉಳಿದವರೆಲ್ಲ ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಬಿಚ್ಚಿದ ಲ್ಯಾಪ್‌ಟಾಪು ಹಿಡಿದು ಲಿಫ್ಟಿನ ಕಡೆ ಓಡುತ್ತಿರುವಾಗ ಒಬ್ಬ ಮಾತ್ರ ಕಿಟಕಿ ಪಕ್ಕ ಕೂತು ಮಸಾಲೆ ದೋಸೆಯನ್ನು ಚೂರು ಚೂರೇ ಮುರಿದು, ಕೊನೆ ತುತ್ತಿನವರೆಗೂ ಪಲ್ಯ ಉಳಿಯುವ ಹಾಗೆ ಹಂಚಿಕೊಂಡು ತಿನ್ನುತ್ತಿರುತ್ತಾನೆ. ಕ್ಯಾಂಟೀನ್ ಹುಡುಗನ ಊರು ಯಾವುದು, ಅವನ ತಂಗಿಗೆ ಪಿಯುಸಿಯಲ್ಲಿ ಎಷ್ಟು ಬಂತು, ಎಲ್ಲ ಇವನಿಗೆ ಗೊತ್ತು. ನಾಲ್ಕು ವರ್ಷ ಒಂಬತ್ತು ತಿಂಗಳು ಅದೇ ಹುಡುಗನ ಕೈಯಿಂದ ಕಾಫಿ ಇಸಿದುಕೊಂಡರೂ ಇದೆಲ್ಲ ತಿಳಿದದ್ದು ಈಚಿನ ಎರಡು ವಾರಗಳಲ್ಲಿ, ಪೇಪರ್ ಹಾಕಿದ ಮೇಲೆ.

ಮನೆಯಲ್ಲಿಟ್ಟ ಹೆಸರು ಬೇರೆ ಇದೆ. ನಾನು ಇವನನ್ನು ನೋಟಿಸಪ್ಪ ಅನ್ನುತ್ತೇನೆ. ನೋಟಿಸಮ್ಮಂದಿರೂ ಇದ್ದಾರೆ, ಆದರೆ ಅವರು ಕೊನೇ ದಿನದ ಸಂಜೆವರೆಗೂ ನಿಜವಾಗಿಯೇ ಕೆಲಸ ಮಾಡಿಬಿಡುವುದರಿಂದ ಹಾಸ್ಯಕ್ಕೆ ಒದಗುವುದಿಲ್ಲ.

ರಾಜೀನಾಮೆಯ ಮೇಲ್ ಹೋಗುವುದು ಶುಕ್ರವಾರ ಸಂಜೆ, ಮ್ಯಾನೇಜರ್ ಕ್ಯಾಬ್ ಹತ್ತುವ ಹೊತ್ತಿಗೆ. "ವೈಯಕ್ತಿಕ ಕಾರಣಗಳಿಂದ" ಎಂದು ಒಕ್ಕಣೆ. ಆ ವೈಯಕ್ತಿಕ ಕಾರಣ ಶೇ 40 ಹೈಕು ಎಂಬುದು ಮ್ಯಾನೇಜರಿಗೆ ಓದಿದ ತಕ್ಷಣ ಗೊತ್ತಾಗುತ್ತದೆ. ಅವನೂ ಇಂಥದ್ದೇ ವೈಯಕ್ತಿಕ ಕಾರಣಕ್ಕೆ ಇಲ್ಲಿಗೆ ಬಂದವನು. ಅಪ್ರೈಸಲ್ ಹೊತ್ತಿನಲ್ಲಿ "ಬಜೆಟ್ ಇಲ್ಲ ಕಣಪ್ಪಾ" ಎಂದು ಎರಡೂ ಕೈ ಬಿಚ್ಚಿ ತೋರಿಸಿದ್ದ ಮನುಷ್ಯ ಸೋಮವಾರ ಬೆಳಿಗ್ಗೆ ಮೀಟಿಂಗ್ ರೂಮಿನ ಬಾಗಿಲು ಹಾಕಿಕೊಂಡು, "ಒಂದು ಮಾತು ಹೇಳಬಾರದಾಗಿತ್ತಾ? ನಿನಗೇಂತ ದೊಡ್ಡ ಪ್ಲಾನ್ ಇಟ್ಕೊಂಡಿದ್ದೆನಲ್ಲೋ" ಎನ್ನುತ್ತಾನೆ. ಎಲ್ಲಿ ಇಟ್ಟುಕೊಂಡಿದ್ದಿರಿ ಎಂದು ನೋಟಿಸಪ್ಪ ಕೇಳುವುದಿಲ್ಲ. ಇನ್ನು ಮೂರು ತಿಂಗಳು ಇದೇ ಮುಖ ನೋಡಬೇಕು.

ಈ ಮೂರು ತಿಂಗಳು ಅಪಾಯಿಂಟ್‌ಮೆಂಟ್ ಲೆಟರಿನ ಒಳಪುಟದಲ್ಲೆಲ್ಲೋ ಮಲಗಿರುತ್ತದೆ. ಸೇರುವ ದಿನ ಅದನ್ನು ಓದಿದವರನ್ನು ನಾನು ಕಂಡಿಲ್ಲ; ಎಲ್ಲರೂ ಸಂಬಳದ ಪುಟವನ್ನು ನಾಲ್ಕು ಸಲ ಓದಿ ಉಳಿದದ್ದಕ್ಕೆ ಸಹಿ ಹಾಕುತ್ತಾರೆ. ಬಿಡುವಾಗ 90 ದಿನ ಮೊದಲೇ ತಿಳಿಸಬೇಕು. ಬೇಗ ಹೋಗಬೇಕೆಂದರೆ ಉಳಿದ ದಿನಗಳ ಸಂಬಳ ಕಟ್ಟಿ ಹೋಗಬಹುದು, ಆದರೆ ಅದು "ಕಂಪನಿಯ ವಿವೇಚನೆಗೆ ಒಳಪಟ್ಟಿದೆ". ವಿವೇಚನೆ ಎಂಬ ಗುಣ ಕಂಪನಿಗೆ ಮಾತ್ರ ಇದೆ ಎಂದು ಅಲ್ಲಿ ಅಚ್ಚಾಗಿರುತ್ತದೆ. ಕಂಪನಿಯೇ ಕಳಿಸುವುದಾದರೆ ಲೆಕ್ಕ ಬೇರೆ: ಮಧ್ಯಾಹ್ನ ಕರೆದು ಹೇಳಿ, ನೋಟಿಸಿನ ಸಂಬಳ ಕೈಗಿಟ್ಟು, ಸಂಜೆ ಐದಕ್ಕೆ ಟ್ಯಾಗ್ ಗೇಟಿನಲ್ಲಿ ಕೆಲಸ ಮಾಡದ ಹಾಗೆ ಮಾಡಬಹುದು.

ಹಾಗಂತ ಯಾವ ನ್ಯಾಯಾಲಯವೂ ನೋಟಿಸಪ್ಪನನ್ನು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸುವುದಿಲ್ಲ. ಒಬ್ಬನ ಮೈ ಮನಸ್ಸು ಬೇಕಾದ ನೌಕರಿಯ ಒಪ್ಪಂದವನ್ನು ಬಲವಂತವಾಗಿ ಜಾರಿ ಮಾಡಿಸುವ ಹಾಗಿಲ್ಲ ಎಂಬುದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ತಿರುಳು. ನೋಟಿಸಪ್ಪನನ್ನು ಕೂರಿಸುವುದು ಕಾನೂನಲ್ಲ, ರಿಲೀವಿಂಗ್ ಲೆಟರ್ ಎಂಬ ಒಂದು ಹಾಳೆ. ಅದಿಲ್ಲದೆ ಹೋದರೆ ಹೊಸ ಕಂಪನಿಯ ಪರವಾಗಿ ಹಿನ್ನೆಲೆ ತಪಾಸಣೆ ಮಾಡುವವರು ಹಳೆಯ ಕಂಪನಿಗೆ ಮೇಲ್ ಹಾಕುತ್ತಾರೆ; ಅಲ್ಲಿಂದ "ಅಬ್‌ಸ್ಕಾಂಡಿಂಗ್" ಎಂದು ಉತ್ತರ ಬರುತ್ತದೆ. ಬ್ಯಾಂಕಿಗೆ ಕೋಟಿ ನಾಮ ಹಾಕಿ ದೇಶ ಬಿಟ್ಟವನಿಗೂ, ಮೂವತ್ತು ದಿನ ಮೊದಲು ಕೆಲಸ ಬಿಟ್ಟವನಿಗೂ ಒಂದೇ ಪದ. ನೋಟಿಸಪ್ಪ ಬೆಚ್ಚಿ ಬಿದ್ದು ಕೂರುತ್ತಾನೆ.

ಕೂತ ಮೇಲೆ ತಮಾಷೆ ಶುರುವಾಗುತ್ತದೆ. ಕೆಲಸದಲ್ಲಿದ್ದಾಗ ಯಾರೂ ಮೂಸಿ ನೋಡದವನು ಈಗ ಆಷಾಢಕ್ಕೆ ತವರಿಗೆ ಬಂದ ಮಗಳು. ಜೋರು ಮಾತಿಲ್ಲ, ಕೆಲಸ ಹೇಳುವಂತಿಲ್ಲ, ಹೋದಲ್ಲೆಲ್ಲ "ಇನ್ನು ಎಷ್ಟು ದಿನ ಇರ್ತೀಯಾ?" ಎಂಬ ಅಕ್ಕರೆಯ ಪ್ರಶ್ನೆ. ಐದು ವರ್ಷ ಮೈಕ್ ಮ್ಯೂಟ್ ಮಾಡಿಕೊಂಡೇ ಬದುಕಿದವನು ಮೀಟಿಂಗಿನಲ್ಲಿ ಬಾಯಿ ಬಿಟ್ಟು, "ಈ ಪ್ರಾಜೆಕ್ಟ್ ಡಿಸೆಂಬರಿಗೆ ಮುಗಿಯಲ್ಲ" ಎಂದು ಹೇಳಿಯೇಬಿಡುತ್ತಾನೆ. ಎಲ್ಲರೂ ಬೆರಗಾಗಿ ನೋಡುತ್ತಾರೆ. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಹೇಳುವ ಯೋಗ್ಯತೆ ಇವನೊಬ್ಬನಿಗೆ ಬಂದಿದೆ. ಅಕ್ಕಪಕ್ಕದ ಹುಡುಗರು ಮೂಲೆಗೆ ಕರೆದು ರೆಸ್ಯೂಮೆ ತೋರಿಸುತ್ತಾರೆ, ರೆಫರಲ್ ಕೇಳುತ್ತಾರೆ. ಅವನ ಟೀಮಿನಲ್ಲಿ ಅವನಷ್ಟು ಪ್ರಭಾವಿ ವ್ಯಕ್ತಿ ಆ ಹೊತ್ತಿಗೆ ಇನ್ನೊಬ್ಬನಿಲ್ಲ.

ಹೊರಗಿನ ಮರ್ಯಾದೆ ಇದಕ್ಕೂ ದೊಡ್ಡದು. ನೌಕರಿ ಹುಡುಕುವ ಜಾಲತಾಣಕ್ಕೆ ಹೋಗಿ ತನ್ನ ವಿವರದ ಎದುರು "ನೋಟಿಸ್ ಪೀರಿಯಡ್‌ನಲ್ಲಿದ್ದಾರೆ" ಎಂಬ ಗೆರೆಯನ್ನು ಒತ್ತಿದ ಮರುಗಳಿಗೆಯಿಂದ ಫೋನು ನಿಲ್ಲುವುದಿಲ್ಲ. ಕಾರಣ ಸರಳ. ತನ್ನವರನ್ನು 90 ದಿನ ಕಟ್ಟಿಹಾಕುವ ಪ್ರತಿ ಕಂಪನಿಗೂ ಬೇರೆಯವರ ಕಂಪನಿಯಿಂದ ಬೇಕಾಗಿರುವುದು ಹದಿನೈದು ದಿನದೊಳಗೆ ಬರುವ ಮನುಷ್ಯ. ಪೇಪರ್ ಹಾಕದವನು 90 ದಿನ ದೂರ, ಹಾಕಿ ಎರಡು ತಿಂಗಳಾದವನು ಮೂವತ್ತೇ ದಿನ ದೂರ. ಹಾಗಾಗಿ ನೋಟಿಸಪ್ಪನ ಬೆಲೆ ದಿನ ಕಳೆದ ಹಾಗೆ ಏರುತ್ತದೆ. ಮೊದಲ ಆಫರ್ ಹಿಡಿದು ಎರಡನೆಯವರ ಹತ್ತಿರ, ಎರಡನೆಯದು ಹಿಡಿದು ಮೂರನೆಯವರ ಹತ್ತಿರ ಹೋಗಲು ಬೇಕಾದ ಪುರುಸೊತ್ತನ್ನು ಹಳೆಯ ಕಂಪನಿಯೇ ಸಂಬಳ ಕೊಟ್ಟು ಒದಗಿಸಿರುತ್ತದೆ. ಅವನನ್ನು ಉಳಿಸಿಕೊಳ್ಳಲು ಮಾಡಿದ ಕಟ್ಟಳೆ ಅವನನ್ನು ಹರಾಜಿಗೆ ನಿಲ್ಲಿಸುತ್ತದೆ. ಕೊರೊನಾ ಇಳಿದ ಮೇಲಿನ ವರ್ಷವಂತೂ ಈ ಕುಲದ ಸುವರ್ಣಯುಗ. 2022ರ ಜೂನ್ ತ್ರೈಮಾಸಿಕಕ್ಕೆ ಇನ್ಫೋಸಿಸ್ ತಾನೇ ಪ್ರಕಟಿಸಿದ ಲೆಕ್ಕದಲ್ಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ ತಾವಾಗಿ ಬಿಟ್ಟು ಹೋದವರ ಪ್ರಮಾಣ ಶೇ 28.4. ಆ ದಿನಗಳಲ್ಲಿ ಹೊರವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ನಿಂತವರು ಆಫೀಸಿಗೆ ಹೋಗುತ್ತಿದ್ದಾರೋ ಆಫೀಸು ಬಿಡುತ್ತಿದ್ದಾರೋ ಹೇಳುವುದು ಕಷ್ಟವಿತ್ತು.

ಮನೆಯಲ್ಲಿ ಮಾತ್ರ ಈ ಕೀರ್ತಿ ನಡೆಯುವುದಿಲ್ಲ. ನೋಟಿಸಪ್ಪನ ಮಾವ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದವರು.

"ನಮ್ಮಲ್ಲೂ ಸ್ವಯಂನಿವೃತ್ತಿಗೆ ಮೂರು ತಿಂಗಳ ನೋಟಿಸೇ ಅಳಿಯಂದ್ರೇ. ಕೊಟ್ಟವರಿಗೆ ಪೆನ್ಷನ್ ಬರ್ತಿತ್ತು. ನಿಮಗೇನು ಬರುತ್ತೆ?"

"ಜಾಯ್ನಿಂಗ್ ಬೋನಸ್ ಬರುತ್ತೆ ಮಾವ."

"ತಿಂಗಳಾ ತಿಂಗಳಾನಾ?"

"ಇಲ್ಲ, ಒಂದೇ ಸಲ. ವರ್ಷದೊಳಗೆ ಬಿಟ್ರೆ ವಾಪಸ್ ಕೊಡ್ಬೇಕು."

ಮಾವ ದಿನಪತ್ರಿಕೆಯನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡರು. ಅಡುಗೆಮನೆಯಿಂದ ಅತ್ತೆ, "ಹಾಗಾದ್ರೆ ಅದು ಸಾಲ ಅಲ್ವಾ?" ಎಂದದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಈ 90 ದಿನ ಯಾಕೆ ಎಂದು ಕಂಪನಿಯನ್ನು ಕೇಳಿದರೆ ಕೆಟಿ ಎನ್ನುತ್ತದೆ: ಹೋಗುವವನ ತಲೆಯಲ್ಲಿರುವುದನ್ನೆಲ್ಲ ಇರುವವರ ತಲೆಗೆ ದಾಟಿಸುವ ಕಾರ್ಯಕ್ರಮ. ಮೊದಲ ಎರಡು ತಿಂಗಳು ಯಾರಿಗೆ ದಾಟಿಸಬೇಕೆಂದೇ ತೀರ್ಮಾನವಾಗುವುದಿಲ್ಲ. ಆಮೇಲೆ, ಆರು ತಿಂಗಳ ಹಿಂದೆ ಸೇರಿದ ಹಾಸನದ ಹುಡುಗಿಯೊಬ್ಬಳು, ಬೇಡ ಅನ್ನಲು ಬಾರದ ಒಂದೇ ಕಾರಣಕ್ಕೆ, ಸಿಕ್ಕಿಬೀಳುತ್ತಾಳೆ. ನಾನು ಕೇಳಿದ ಒಂದು ಕೆಟಿ ಹೀಗಿತ್ತು. ಪರದೆಯ ಮೇಲೆ ದಿನಾ ರಾತ್ರಿ ಎರಡು ಗಂಟೆಗೆ ತಾನಾಗಿ ಓಡುವ ಪುಟ್ಟದೊಂದು ಸ್ಕ್ರಿಪ್ಟು. ಮೀಟಿಂಗ್ ರೆಕಾರ್ಡ್ ಆಗುತ್ತಿದೆ.

"ಇದೇನು ಮಾಡುತ್ತೆ ಸರ್?"

"ಒಂದು ಫೈಲನ್ನ ಇಲ್ಲಿಂದ ಎತ್ತಿ ಅಲ್ಲಿ ಇಡುತ್ತೆ. ಹತ್ತು ನಿಮಿಷ ಬಿಟ್ಟು ಅಲ್ಲಿಂದ ಎತ್ತಿ ಮತ್ತೆ ಇಲ್ಲೇ ಇಡುತ್ತೆ."

"ಯಾಕೆ?"

"ಅದೊಂದು ಕೇಳ್ಬೇಡಮ್ಮ."

"ತೆಗೆದುಬಿಟ್ರೆ ಏನಾಗುತ್ತೆ?"

ನೋಟಿಸಪ್ಪ ರೆಕಾರ್ಡಿಂಗ್ ನಿಲ್ಲಿಸಿದ. "ಸೇರಿದ ಹೊಸದರಲ್ಲಿ ನಾನೂ ಒಂದ್ಸಲ ತೆಗೆದಿದ್ದೆ. ಸೋಮವಾರ ಕ್ಲೈಂಟಿಗೆ ಹೋಗಬೇಕಾದ ರಿಪೋರ್ಟೇ ಹೋಗ್ಲಿಲ್ಲ. ವಾಪಸ್ ಹಾಕ್ದೆ, ಹೋಯ್ತು. ನನಗೆ ಕೆಟಿ ಕೊಟ್ಟವರು ಇದನ್ನ ಮುಟ್ಬೇಡ ಅಂದಿದ್ರು. ಅವರಿಗೆ ಕೊಟ್ಟವರೂ ಅದನ್ನೇ ಅಂದಿದ್ರಂತೆ."

ಹುಡುಗಿ ನೋಟ್‌ಬುಕ್ಕಿನಲ್ಲಿ "ಮುಟ್ಟಬಾರದು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. ಕೆಟಿ ಪಟ್ಟಿಯಲ್ಲಿ ಆ ಸಾಲು ಹಸಿರಾಯಿತು: ಪೂರ್ಣಗೊಂಡಿದೆ.

ನೋಟಿಸಪ್ಪ ಮೇಲುನೋಟಕ್ಕೆ ಸೋಮಾರಿಯಾಗಿ ಕಂಡರೂ ಒಳಗೆ ಪಕ್ಕಾ ಲೆಕ್ಕದ ಮನುಷ್ಯ. ಪೇಪರ್ ಹಾಕಿದ್ದು ನಾಲ್ಕು ವರ್ಷ ಒಂಬತ್ತು ತಿಂಗಳಿಗೆ ಎಂಬುದನ್ನು ಗಮನಿಸಿ. ನೋಟಿಸಿನ ಅವಧಿಯೂ ಸೇವೆಯೇ; ಅದು ಮುಗಿಯುವ ಹೊತ್ತಿಗೆ ಐದು ವರ್ಷ ತುಂಬಿ ಗ್ರಾಚ್ಯುಟಿ ಕೈಗೆ ಬರುತ್ತದೆ. 1972ರ ಕಾಯ್ದೆಯಿಂದ ಬಂದ ಸೂತ್ರ ಅವನಿಗೆ ಬಾಯಿಪಾಠ: ಕೊನೆಯ ತಿಂಗಳ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. ಕಂಪನಿ ಸಂಕೋಲೆ ಎಂದುಕೊಂಡದ್ದನ್ನು ಅವನು ಏಣಿ ಮಾಡಿಕೊಂಡಿದ್ದಾನೆ. ನಡುವೆ ಜ್ವರ ಬಂದು ಮೂರು ದಿನ ಮಲಗಿದ. ರಜೆ ಹಾಕಿದರೆ ಕೊನೆಯ ದಿನವೂ ಮೂರು ದಿನ ಮುಂದಕ್ಕೆ ಹೋಗುತ್ತದೆ ಎಂದು ಎಚ್‌ಆರ್ ತಿಳಿಸಿದಾಗ ಸಿಟ್ಟು ಬರುವ ಬದಲು ಕ್ಯಾಲೆಂಡರ್ ತೆಗೆದು ನೋಡಿ ಖುಷಿಪಟ್ಟ. ಐದು ವರ್ಷದ ಗೆರೆ ಇನ್ನಷ್ಟು ಭದ್ರವಾಯಿತು.

ದುಡ್ಡು ಕಟ್ಟಿ ಬೇಗ ಹೊರಟವರ ಪಾಡು ಇನ್ನೊಂದು ಬಗೆ. ಜಿಎಸ್‌ಟಿ ಬಂದ ಮೇಲೆ ಕೆಲವು ವರ್ಷ ಒಂದು ಸ್ವಾರಸ್ಯದ ವಾದ ಚಾಲ್ತಿಯಲ್ಲಿತ್ತು. ಒಂದು ಕೃತ್ಯವನ್ನು ಸಹಿಸಿಕೊಳ್ಳಲು ಒಪ್ಪುವುದೂ ಸೇವೆಯೇ ಎಂದು 2017ರ ಕಾಯ್ದೆಯ ಅನುಸೂಚಿ ಹೇಳುತ್ತದೆ. 90 ದಿನ ಇರಬೇಕಾದವನು ಅರವತ್ತಕ್ಕೇ ಎದ್ದುಹೋಗುವುದನ್ನು ಕಂಪನಿ ಸಹಿಸಿಕೊಂಡಿದೆ. ಅವನು ಕಟ್ಟಿದ ದುಡ್ಡು ಆ ಸಹನೆಯ ಬೆಲೆ. ಅದರ ಮೇಲೆ ಶೇ 18 ತೆರಿಗೆ! 2022ರ ಆಗಸ್ಟ್ 3ರಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿ, ಇದು ಸೇವೆಯಲ್ಲ, ತೆರಿಗೆ ಇಲ್ಲ ಎಂದು ಬಗೆಹರಿಸಿತು. ನನಗೇನೋ ಹಳೆಯ ವಾದವೇ ಹಿಡಿಸಿತ್ತು. ಸಹನೆಗೂ ಬೆಲೆ ಕಟ್ಟುವ ಕಾನೂನು ದೊಡ್ಡದು ಎಂದು ಹೊಗಳಲು ಹೊರಟವನು, ನಮ್ಮ ಮನೆಯಾಕೆ ಕಳಿಸಬಹುದಾದ ಬಿಲ್ಲನ್ನು ನೆನೆದು ಸುಮ್ಮನಾದೆ.

ಎರಡೂವರೆ ತಿಂಗಳಾಗುವಾಗ ಕಂಪನಿಗೆ ಎಚ್ಚರವಾಗುತ್ತದೆ: ಇವನ ಜಾಗಕ್ಕೆ ಜನ ಬೇಕಲ್ಲ! ಇಂಟರ್‌ವ್ಯೂ ಮಾಡಲು ಪುರುಸೊತ್ತಿರುವ ಹಿರಿಯ ಯಾರೆಂದು ಹುಡುಕಿದರೆ ಸಿಗುವವನು ನೋಟಿಸಪ್ಪನೇ. ತಾನು ಬಿಟ್ಟು ಓಡುತ್ತಿರುವ ಕುರ್ಚಿಗೆ ಜನ ಆರಿಸಲು ಅವನೇ ಕೂರುತ್ತಾನೆ, ಮತ್ತು ಮನಸಾರೆ ಹೊಗಳುತ್ತಾನೆ. ಇಲ್ಲಿ ಕಲಿಯಲು ಬೇಕಾದಷ್ಟಿದೆ, ಮ್ಯಾನೇಜರ್ ಬಂಗಾರದಂಥವರು, ವಾರದಲ್ಲಿ ಮೂರೇ ದಿನ ಆಫೀಸು. ಮಂಡ್ಯ ಕಡೆಯ ಚುರುಕು ಹುಡುಗನೊಬ್ಬ ಎಲ್ಲಕ್ಕೂ ಟಕಟಕನೆ ಉತ್ತರಿಸಿದ. ಕೊನೆಗೆ ನೋಟಿಸಪ್ಪ ಗಂಟಲು ಸರಿಮಾಡಿಕೊಂಡು ಕೇಳಿದ: "ನಿಮ್ಮ ನೋಟಿಸ್ ಪೀರಿಯಡ್ ಎಷ್ಟು?"

"90 ದಿನ ಸರ್."

"ಸ್ವಲ್ಪ ಬೇಗ ಬರೋಕಾಗಲ್ವಾ? ನಮಗೆ ಅರ್ಜೆಂಟ್ ಇತ್ತು."

ಹೇಳುವಾಗ ಅವನ ಮುಖದ ಒಂದು ಸ್ನಾಯುವೂ ಅಲುಗಲಿಲ್ಲವಂತೆ. ಹುಡುಗ ಪೇಪರ್ ಹಾಕಿ ಆಫರ್ ಒಪ್ಪಿಕೊಂಡ. ಅವನು ಬರುವವರೆಗೆ ಇರುತ್ತೀಯಾ ಎಂದು ಮ್ಯಾನೇಜರ್ ನೋಟಿಸಪ್ಪನನ್ನು ಕೇಳಿದ. ಹೊಸ ಕಂಪನಿ ಒಪ್ಪಲಿಲ್ಲ.

ಕೊನೆಯ ದಿನದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಎಗ್‌ಲೆಸ್ ಕೇಕು, ಎಲ್ಲರೂ ಸಹಿ ಮಾಡಿದ ಒಂದು ಕಾರ್ಡು, ಲ್ಯಾಪ್‌ಟಾಪ್ ಚಾರ್ಜರಿನ ಪಿನ್ ಬಾಗಿದೆ ಎಂದು ಐಟಿಯವರ ತಕರಾರು. ಬಾಕಿ ಲೆಕ್ಕ ಚುಕ್ತಾ ಆಗಲು ಮಾತ್ರ ವಾರಗಳು ಹಿಡಿದವು. ಕೆಲಸ ಬಿಟ್ಟವನ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕೆಂದು 2019ರ ವೇತನ ಸಂಹಿತೆಯಲ್ಲಿ ಬರೆದಿದೆ ಎಂದು ನೋಟಿಸಪ್ಪ ಮೇಲ್ ಹಾಕಿದ್ದಕ್ಕೆ, ನಿಮ್ಮ ಮೇಲ್ ತಲುಪಿದೆ, 45 ದಿನದೊಳಗೆ ಉತ್ತರಿಸುತ್ತೇವೆ ಎಂದು ಯಂತ್ರವೇ ಬರೆಯಿತು.

ನಾಲ್ಕು ತಿಂಗಳ ನಂತರ ಹೊಸ ಕಂಪನಿಯಲ್ಲಿ ನೋಟಿಸಪ್ಪನ ಪಕ್ಕದ ಕುರ್ಚಿಗೆ ಒಬ್ಬ ಹೊಸಬ ಬಂದ. ಟ್ಯಾಗ್ ಇನ್ನೂ ಪ್ಲಾಸ್ಟಿಕ್ ವಾಸನೆ ಹೊಡೆಯುತ್ತಿತ್ತು. ತಿರುಗಿ ನೋಡಿದರೆ ಮಂಡ್ಯದ ಹುಡುಗ.

"ಅಲ್ಲಪ್ಪಾ, ನೀನು ಅಲ್ಲಿಗೆ ಸೇರ್ತೀನಿ ಅಂತ ಒಪ್ಕೊಂಡಿದ್ದೆಯಲ್ಲ?"

"ಒಪ್ಕೊಂಡಿದ್ದೆ ಸರ್. ನೋಟಿಸಲ್ಲಿದ್ದಾಗ ಟೈಮಿತ್ತು, ವಿಚಾರಿಸ್ದೆ. ಇಂಟರ್‌ವ್ಯೂ ಮಾಡಿ ಅಷ್ಟು ಹೊಗಳಿದವರು ತಾವೇ ಬಿಟ್ಟು ಇಲ್ಲಿಗೆ ಸೇರಿದ್ದಾರೆ ಅಂತ ಗೊತ್ತಾಯ್ತು. ಅಷ್ಟು ತಿಳಿದವರು ಹೋದ ಕಡೆಗೇ ಹೋಗೋಣ ಅಂತ ಇಲ್ಲಿಗೆ ಹಾಕ್ದೆ."