ತಡಿಯಪ್ಪನವರ ಶಟರ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಯಾವ ಊರಿಗೆ ಹೋದರೂ ಒಬ್ಬರು ತಡಿಯಪ್ಪನವರು ಸಿಗುತ್ತಾರೆ. ಬಿಳಿಗೆರೆಯಲ್ಲೂ ಇದ್ದಾರೆ. ರೇಷನ್ ಕಾರ್ಡಿನಲ್ಲಿ ಅವರ ಹೆಸರು ಬೇರೆ. ಏನು ಕೇಳಿದರೂ ‘ತಡಿಯಪ್ಪಾ, ನೋಡಾನ’ ಅನ್ನುತ್ತಾರಾದ್ದರಿಂದ ಊರೇ ಇಟ್ಟ ಹೆಸರು ಇದು. ಬಡವರೆಂದುಕೊಳ್ಳಬೇಡಿ. ಕಾಯುವ ತೆಂಗಿನ ತೋಟವಿದೆ, ನೀರಿರುವ ಬೋರಿದೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸುವ ಮಗನಿದ್ದಾನೆ. ಜಿಪುಣರೂ ಅಲ್ಲ, ಮಗಳ ಮದುವೆಯಲ್ಲಿ ಊರಿಗೂರೇ ಉಂಡು ಎಲೆ ಮಡಿಸಿದೆ. ಸೋಮಾರಿ ಅಂದರಂತೂ ಪಾಪ ಬರುತ್ತದೆ. ಕೋಳಿ ಕೂಗುವ ಹೊತ್ತಿಗೆ ತೋಟದಲ್ಲಿ ಬಿದ್ದ ಕಾಯಿ ಆಯುತ್ತಿರುತ್ತಾರೆ. ಮೈ ಬಗ್ಗಿಸಿ ಮಾಡುವ ಯಾವ ಕೆಲಸಕ್ಕೂ ಹಿಂಜರಿಯದ ಮನುಷ್ಯ ಹಿಂಜರಿಯುವುದು ಒಂದಕ್ಕೇ. ‘ಹೂಂ, ಮಾಡು’ ಅನ್ನುವ ಎರಡು ಮಾತು ಅವರ ಬಾಯಿಂದ ಒಟ್ಟಿಗೆ ಹೊರಡುವುದಿಲ್ಲ.

ಮನೆ ಪಕ್ಕದಲ್ಲಿ ಅವರದೊಂದು ಶೆಡ್ಡು. ಕೆಳಗೆ ಕಾರು, ಔಷಧಿ ಹೊಡೆಯುವ ಪಂಪು, ಸೀಳಿದ ಡ್ರಿಪ್ ಪೈಪು. ಮೇಲೆ ಕೊಬ್ಬರಿ ಅಟ್ಟ. ಮುಂದೆ ಹತ್ತಡಿ ಅಗಲದ ರೋಲಿಂಗ್ ಶಟರ್. 2023ರಲ್ಲಿ ಒಂದು ಸಂಜೆ ಕಾಯಿ ತುಂಬಿದ ಟ್ರೇಲರ್ ಹಿಂದಕ್ಕೆ ಬಂದು ಆ ಶಟರಿನ ಹೊಟ್ಟೆಗೆ ಗುದ್ದಿತು. ಟ್ರ್ಯಾಕ್ಟರ್ ಮೇಲಿದ್ದವನು ಅವರ ಹೆಂಡತಿಯ ಒಡಹುಟ್ಟಿದ ತಮ್ಮ. ಹಿಂದೆ ನಿಂತು ಕೈ ಆಡಿಸುತ್ತಾ ‘ಬರ್ಲಿ, ಬರ್ಲಿ, ಇನ್ನೂ ಬರ್ಲಿ’ ಅನ್ನುತ್ತಿದ್ದವರು ಸ್ವತಃ ತಡಿಯಪ್ಪನವರು. ಜೀವಮಾನದಲ್ಲಿ ‘ತಡಿ’ ಅನ್ನಲೇಬೇಕಾಗಿದ್ದ ಒಂದೇ ಒಂದು ಗಳಿಗೆಯಲ್ಲಿ ಆ ಮಾತು ಅವರಿಗೆ ನೆನಪಾಗಲಿಲ್ಲ. ಆಮೇಲೆ ಭಾಮೈದನ ಕಡೆ ಕಣ್ಣು ಕೆಂಪಗೆ ಮಾಡಿದ್ದಕ್ಕೆ ಮನೆಯವರು, ‘ನನ್ ತಮ್ಮನ್ನ ಯಾಕ್ ನೋಡ್ತೀರಾ? ಬರ್ಲಿ ಬರ್ಲಿ ಅಂದೋರು ಯಾರು?’ ಎಂದು ಕೇಸನ್ನು ಅಲ್ಲೇ ವಜಾ ಮಾಡಿದರು.

ಅಂದಿನಿಂದ ಶಟರ್ ಮೇಲೆತ್ತಿದರೆ ಸೊಂಟದವರೆಗೆ ಬಂದು ‘ಕಟ್’ ಎಂದು ನಿಲ್ಲುತ್ತದೆ. ಕೆಳಗೆಳೆದರೆ ನೆಲಕ್ಕೆ ಗೇಣುದ್ದ ಇರುವಾಗ ಮುಷ್ಕರ ಹೂಡುತ್ತದೆ. ಕಾರು ಒಳಗೇ ಉಳಿಯಿತು. ಮಾಲೀಕರು ತಿಪಟೂರಿಗೆ ಬಸ್ಸಿನಲ್ಲಿ ಓಡಾಡುತ್ತಾರೆ. ಕಾರಿನ ವಿಮೆಯನ್ನು ಮಾತ್ರ ಒಂದು ದಿನವೂ ತಡಮಾಡದೆ ಕಟ್ಟುತ್ತಾರೆ, ‘ಯಾವಾಗ ಏನಾಗ್ತೈತೋ ಯಾರಿಗ್ ಗೊತ್ತು?’ ಎಂದು.

ಶಟರ್ ನೋಡಲು ತಿಪಟೂರಿನಿಂದ ವೆಲ್ಡಿಂಗ್ ಅಂಗಡಿಯವನು ಬಂದಿದ್ದ. ಬೈಕ್ ಸ್ಟ್ಯಾಂಡ್ ಹಾಕಿ, ಒಳಗೆ ನುಸುಳಿ, ಮೇಲೆ ಟಾರ್ಚ್ ಬಿಟ್ಟು, ಸ್ಪ್ಯಾನರಿನಿಂದ ಎರಡು ಕಡೆ ತಟ್ಟಿ ಹೊರಬಂದ. ಅವನು ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ. ಈ ವಿಷಯದಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತು ಅಂದರೆ ಅದೊಂದೇ. ‘ಯಜಮಾನ್ರೇ, ಸ್ಪ್ರಿಂಗ್ ಚೆನ್ನಾಗೈತೆ. ಮೇಲೆ ಸುತ್ಕೊಳ್ಳೋ ಪೈಪು ಬಗ್ಗಿಲ್ಲ. ಕೆಟ್ಟಿರೋದು ಆರು ಪಟ್ಟಿ, ಬಲಗಡೆ ಗೈಡು, ಅಷ್ಟೇಯ. ಪಟ್ಟಿ ಒಂದಕ್ಕೊಂದು ಕೊಕ್ಕೆ ಹಾಕ್ಕೊಂಡಿರ್ತಾವೆ, ಪಕ್ಕಕ್ಕೆ ಎಳುದ್ರೆ ಈಚೆ ಬತ್ತಾವೆ. ಆರು ಹೊಸವು ಸೇರಿಸಿ, ಗೈಡು ಅಷ್ಟುದ್ದ ಕುಯ್ದು ಬೇರೆ ವೆಲ್ಡ್ ಮಾಡ್ತೀನಿ. ಒಂದು ದಿನದ ಕೆಲಸ. ಪೈಪು ಬಗ್ಗಿದ್ರೆ, ಇಲ್ಲಾ ಪಟ್ಟಿಗೆಲ್ಲ ತುಕ್ಕು ತಿಂದು ತೂತು ಬಿದ್ದಿದ್ರೆ ಹೊಸದು ಹಾಕ್ಸಿ ಅಂತ ನಾನೇ ಹೇಳ್ತಿದ್ದೆ.’

ಬೇರೆ ಯಾರಾದರೂ ಆಗಿದ್ದರೆ ಅಡ್ವಾನ್ಸ್ ಕೊಟ್ಟು ಕಳಿಸುತ್ತಿದ್ದರು. ತಡಿಯಪ್ಪನವರಿಗೆ ಇಷ್ಟು ಸ್ಪಷ್ಟವಾದ ಮಾತು ಕೇಳಿ ಅನುಮಾನವೇ ಹುಟ್ಟಿತು. ‘ಅಲ್ಲಪ್ಪಾ, ಹೊಸದಕ್ಕೆ ಎಷ್ಟಾಗ್ತೈತೆ ಅಂತ್ಲೂ ಒಂದು ಲೆಕ್ಕ ಇರ್ಲಿ’ ಎಂದರು.

ಲೆಕ್ಕ ಬಂತು. ಅಂಗಡಿಯವನು ಚದರಡಿ ದರದಲ್ಲಿ ಬರೆದುಕೊಟ್ಟ ಚೀಟಿಯನ್ನು ಕನ್ನಡಕ ಏರಿಸಿ ಓದಿದರು. ‘ಬಾಗಿಲು ಎಂಟಡಿ ಎತ್ತರ, ನೀನು ಒಂಬತ್ತೂವರೆ ಬರ್ದಿದ್ದೀಯ?’ ‘ಮೇಲೆ ಸುತ್ಕೊಂಡಿರೋಕೆ ತಗಡು ಬೇಕಲ್ಲ ಯಜಮಾನ್ರೇ.’ ‘ಅಂದ್ರೆ ನಾನು ಕಾಣ್ದೇ ಇರೋ ತಗಡಿಗೂ ದುಡ್ಡು ಕೊಡ್ಬೇಕು ಅನ್ನು.’ ಅಲ್ಲಿಗೆ ಒಂದು ತಿಂಗಳು ಹೋಯಿತು. ಇನ್ನೊಂದು ಅಂಗಡಿಯವನು ಕಮ್ಮಿ ದರಕ್ಕೆ 22 ಗೇಜ್ ತಗಡು ಕೊಡುತ್ತೇನೆಂದ. ತಡಿಯಪ್ಪನವರು ಹಿಗ್ಗಿದರು, ಏಕೆಂದರೆ ಅವರ ಹಳೆಯ ಶಟರ್ ಬರೀ 18 ಗೇಜಿನದು. ನಾಲ್ಕು ಜಾಸ್ತಿಯೇ ಸಿಕ್ಕಿತೆಂದು ಊರಿಗೆಲ್ಲ ಹೇಳಿಕೊಂಡು ಬಂದರು. ಗೇಜಿನ ನಂಬರ್ ಏರಿದಷ್ಟೂ ತಗಡು ತೆಳುವಾಗುತ್ತದೆ, 18 ಅಂದರೆ ಒಂದು ಮಿಲಿಮೀಟರಿಗೂ ದಪ್ಪ, 22 ಅಂದರೆ ಅದಕ್ಕಿಂತ ಎಷ್ಟೋ ತೆಳು ಎಂದು ರಿಟೈರಾದ ಮೇಷ್ಟ್ರೊಬ್ಬರು ವಿವರಿಸಿದ ಮೇಲೆ ಮುಖ ಸಪ್ಪಗಾಯಿತು. ‘ನೋಡಿದ್ರಾ? ಅವಸರ ಮಾಡಿದ್ರೆ ಏನಾಗ್ತಿತ್ತು!’ ಎಂದು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ತಡಮಾಡಿದ್ದಕ್ಕೆ ಒಂದು ಸಲ ಲಾಭವಾಗಿಬಿಟ್ಟರೆ ಮುಗಿಯಿತು, ಆ ಮನುಷ್ಯನನ್ನು ತಿದ್ದಲು ದೇವರಿಂದಲೂ ಆಗುವುದಿಲ್ಲ.

ಮಗ ಬೆಂಗಳೂರಿನಿಂದ ಒಂದು ವಿಡಿಯೊ ಕಳಿಸಿದ. ಯಾವುದೋ ಬಂಗಲೆ, ಕಾರಲ್ಲಿ ಕೂತವನು ಬಟನ್ ಒತ್ತುತ್ತಾನೆ, ಬಾಗಿಲು ತಾನಾಗಿ ಮೇಲೇಳುತ್ತದೆ. ‘ಇದನ್ನೇ ಹಾಕ್ಸಾನ ಅಪ್ಪಾಜಿ.’ ಅಪ್ಪಾಜಿ ಕೇಳಿದ್ದು ಒಂದೇ ಪ್ರಶ್ನೆ: ‘ಕರೆಂಟ್ ಇಲ್ದಾಗ?’ ಕೈಯಲ್ಲಿ ಎಳೆಯಲು ಸರಪಳಿ ಇರುತ್ತದೆಂದ ಮಗ. ‘ಕೈಯಲ್ಲೇ ಎಳೆಯೋ ಹಂಗಿದ್ರೆ ಬಟನ್ ಯಾಕಪ್ಪಾ?’ ಎಂದರು. ಪಂಪ್‌ಸೆಟ್ಟಿನ ಕರೆಂಟಿಗಾಗಿ ಅರ್ಧ ರಾತ್ರಿ ಎದ್ದು ತೋಟಕ್ಕೆ ಹೋಗಿ ಬಂದವರ ಮುಂದೆ ಯಾವ ಮಗನೂ ಈ ವಾದ ಗೆಲ್ಲಲಾರ.

ರಿಪೇರಿ ಏಕೆ ಬೇಡ ಎಂದು ನಾನೇ ಒಮ್ಮೆ ಕೇಳಿದೆ. ‘ಆರು ಪಟ್ಟಿ ಹೊಸವು ಹೊಳೀತಾವೆ, ಮಿಕ್ಕವು ಮಂಕಾಗಿರ್ತಾವೆ. ದಾರೀಲಿ ಹೋಗೋರು ಏನಂದಾರು?’ ಎಂದರು. ಎರಡು ವರ್ಷದಿಂದ ಗರ್ಭಿಣಿಯ ಹಾಗೆ ಹೊಟ್ಟೆ ಮುಂದೆ ಮಾಡಿ ನಿಂತ ಶಟರನ್ನು ಅದೇ ದಾರಿಯಲ್ಲಿ ಹೋಗುವವರು ದಿನಾ ನೋಡುತ್ತಿದ್ದಾರೆ ಎಂಬುದು ಅವರ ಲೆಕ್ಕಕ್ಕೆ ಬರಲಿಲ್ಲ.

ನಿಜವಾದ ಕಾರಣ ಬೇರೆ ಇತ್ತು: ಕೊಬ್ಬರಿ ರೇಟು. ನಮ್ಮ ಕಡೆ ಮದುವೆ, ಮನೆಗೆ ಸುಣ್ಣ, ಹಲ್ಲು ಕೀಳಿಸುವುದು ಎಲ್ಲವೂ ರೇಟಿನ ಮೇಲೆ ನಿಂತಿರುತ್ತವೆ. ಶಟರ್ ಕೆಟ್ಟ 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿ ಎಂಟು ಸಾವಿರದ ಆಸುಪಾಸಿಗೆ ಬಿದ್ದಿತ್ತು. ಬೆಂಬಲ ಬೆಲೆ ₹11,750 ಅಂತ ಕಾಗದದಲ್ಲಿತ್ತು, ಮಾರುಕಟ್ಟೆಯಲ್ಲಿರಲಿಲ್ಲ. ‘ಈ ರೇಟಿಗೆ ಶಟರ್ರಾ? ಜನ ಉಗೀತಾರೆ’ ಎಂದರು. 2024ರಲ್ಲಿ ಬೆಂಬಲ ಬೆಲೆ ₹12,000 ಆಯಿತು. ಖರೀದಿ ಕೇಂದ್ರದ ನೋಂದಣಿಗೆ ರಾತ್ರಿಯೇ ಹೋಗಿ ಸಾಲು ನಿಂತರು. ಆ ನೋಂದಣಿ ರದ್ದಾಗಿ ಮತ್ತೆ ನಿಂತರು. ‘ಆ ದುಡ್ಡು ಬರ್ಲಿ, ನೋಡಾನ.’ ದುಡ್ಡೂ ಬಂತು, ಮಗಳ ಬಾಣಂತನಕ್ಕೆ ಹೋಯಿತು. 2025ರಲ್ಲಿ ಫಸಲು ಕಮ್ಮಿಯಾಗಿ ರೇಟು ಎದ್ದಿತು ನೋಡಿ, ಇಪ್ಪತ್ತೈದು ಸಾವಿರ ದಾಟಿತು. ಇನ್ನು ಶಟರಿಗೆ ಶುಭ ಮುಹೂರ್ತ ಬಂತು ಎಂದು ಊರು ಅಂದುಕೊಂಡಿತು. ತಡಿಯಪ್ಪನವರು ಹೇಳಿದ್ದು: ‘ಈಗ್ಲೇ ಮಾರಿದ್ರೆ ದಡ್ಡರಾಗ್ತೀವಿ. ಇನ್ನೂ ಏರ್ತೈತೆ, ತಡಿ.’ ಇಳಿದಾಗ ಏರಲಿ ಎಂದು ಕಾಯುವುದು, ಏರಿದಾಗ ಇನ್ನೂ ಏರಲಿ ಎಂದು ಕಾಯುವುದು. ನಡುವೆ ಮಾರುವುದಕ್ಕೆ ಅಂತ ಒಂದು ದಿನ ಇರುತ್ತದಲ್ಲ, ಆ ದಿನ ಮಂಡಿಗೆ ಫೋನ್ ಮಾಡಿದರೆ ಅಲ್ಲಿಯವರು ಊಟಕ್ಕೆ ಹೋಗಿರುತ್ತಾರೆ.

ಅವರನ್ನು ಸುಮ್ಮನೆ ಬೈಯುವುದಕ್ಕೂ ನನಗೆ ಮನಸ್ಸು ಬರುವುದಿಲ್ಲ. ಅವರ ಕಸುಬೇ ಅಂಥದು. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚೂ ಕಮ್ಮಿ ವರ್ಷದ ಹತ್ತಿರ ಅದರ ತಂಟೆಗೆ ಹೋಗುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪು ಬಿಡಬೇಕು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅವಸರಪಟ್ಟು ಒಡೆದವನಿಗೆ ಹಸಿ ಕೊಬ್ಬರಿ, ಕೌಟು, ಅರ್ಧ ರೇಟು. ಏನೂ ಮಾಡದೆ ಸುಮ್ಮನಿರುವುದೇ ಕೆಲಸ ಎಂದು ಮೂರು ತಲೆಮಾರಿನಿಂದ ಕಲಿತವರು ಅವರು. ಎಡವಟ್ಟಾದದ್ದು ಎಲ್ಲಿ ಅಂದರೆ, ಅಟ್ಟದ ಮೇಲಿನ ನಿಯಮವನ್ನು ಅಟ್ಟದ ಕೆಳಗಿನ ತಗಡಿಗೂ ಹಚ್ಚಿದ್ದು.

ಸುಮ್ಮನೇನೂ ಕೂತಿಲ್ಲ ಎಂದು ತೋರಿಸಲು ಅವರು ಒಂದು ವೈದ್ಯ ಮಾಡಿದರು. ಗ್ರೀಸ್ ತರಲು ತಿಪಟೂರಿಗೆ ಯಾಕೆ ಹೋಗಬೇಕು, ಮನೆಯಲ್ಲೇ ಎಣ್ಣೆ ಇರುವಾಗ? ಕೌಟು ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ ತಂದ ಎಣ್ಣೆಯನ್ನು ಎರಡೂ ಗೈಡಿಗೆ ಧಾರಾಳವಾಗಿ ಸುರಿದರು. ಬೇಸಿಗೆಯಲ್ಲಿ ಶಟರ್ ನಿಜಕ್ಕೂ ಒಂದು ಗೇಣು ಹೆಚ್ಚಿಗೆ ಎದ್ದಿತು. ಅವರ ಸಂಭ್ರಮ ಹೇಳತೀರದು. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಹೆಪ್ಪುಗಟ್ಟುತ್ತದೆ. ಮಾಗಿ ಬಂತು, ಗೈಡಿನೊಳಗೆ ಎಣ್ಣೆ ಮೇಣದ ಬತ್ತಿಯಾಗಿ ಕೂತಿತು. ಆ ಎರಡು ತಿಂಗಳು ಶಟರ್ ಬಿಸಿಲು ಬಿದ್ದ ಮೇಲೆಯೇ ಏಳುತ್ತಿತ್ತು. ಬೆಳಿಗ್ಗೆ ಆರಕ್ಕೆ ಬಂದ ಕೂಲಿಯವರು ಹತ್ತು ಗಂಟೆಯವರೆಗೆ ಬೀಡಿ ಸೇದುತ್ತಾ ಜಗಲಿಯಲ್ಲಿ ಕೂತಿರುತ್ತಿದ್ದರು. ಅವರೇ ಆಮೇಲೆ ಹೊಸದೊಂದು ಬಾಬ್ತು ಶುರು ಮಾಡಿದರು. ಕೊಬ್ಬರಿ ಚೀಲ ಹೊತ್ತು ಸೊಂಟದ ಮಟ್ಟದ ಬಾಗಿಲಲ್ಲಿ ನುಸುಳಲಾಗದೆ ಚೀಲವನ್ನು ಎಳೆದು ಹೊರಹಾಕಬೇಕಾದ್ದರಿಂದ, ಹೊರುವ ಕೂಲಿಯ ಜತೆಗೆ ಚೀಲಕ್ಕಿಷ್ಟೆಂದು ‘ಬಗ್ಗೋ ಕೂಲಿ’. ಇದನ್ನು ಮಾತ್ರ ತಡಿಯಪ್ಪನವರು ಮರುಮಾತಿಲ್ಲದೆ ಎಣಿಸಿದರು. ಇಲ್ಲಿಯವರೆಗೆ ಕೊಟ್ಟ ಬಗ್ಗೋ ಕೂಲಿ ಆರು ಪಟ್ಟಿ, ಒಂದು ಗೈಡಿನ ಬೆಲೆಯನ್ನು ಎಂದೋ ದಾಟಿದೆ ಎನ್ನುತ್ತಾರೆ ಅವರ ಮನೆಯವರು. ಆ ಲೆಕ್ಕ ನನಗೂ ಸರಿ ಕಾಣುತ್ತದೆ.

ರೇಟು ಇಪ್ಪತ್ತೈದು ಸಾವಿರ ಆದ ಮೇಲೆ ಕಳ್ಳರ ಭಯ ಶುರುವಾಯಿತು. ಅಟ್ಟದ ತುಂಬ ಚಿನ್ನದಂಥ ಮಾಲು, ಕೆಳಗೆ ಗೇಣುದ್ದ ಸಂದಿ ಬಿಟ್ಟ ಶಟರ್. ಬೆಕ್ಕು, ಹೆಗ್ಗಣ ಆಗಲೇ ಓಡಾಡುತ್ತಿದ್ದವು. ಈಗಂತೂ ಗತಿಯಿಲ್ಲ, ವೆಲ್ಡಿಂಗ್‌ನವನನ್ನು ಕರೆಸಿಯೇ ಕರೆಸುತ್ತಾರೆ ಎಂದು ನಾವೆಲ್ಲ ಕಾದೆವು. ಮಾರನೇ ಸಂಜೆ ನೋಡಿದರೆ ಶಟರಿಗೆ ಅಡ್ಡಲಾಗಿ ಒಂದು ಹಗ್ಗದ ಮಂಚ ಬಂದಿತ್ತು. ಮಂಚದ ಮೇಲೆ ಕಂಬಳಿ, ತಲೆದೆಸೆಯಲ್ಲಿ ಟಾರ್ಚು, ಪಕ್ಕದಲ್ಲಿ ಸಿಪ್ಪೆ ಸುಲಿಯುವ ಹಾರೆ, ನಡುವೆ ತಡಿಯಪ್ಪನವರು. ಅಂದಿನಿಂದ ರಾತ್ರಿ ಅವರ ವಾಸ ಅಲ್ಲೇ. ಮಂಜು ಬೀಳಲು ಶುರುವಾದ ಮೇಲೆ ಮಂಚದ ಮೇಲೊಂದು ತಗಡಿನ ಮಾಡು ಬೇಕೆನಿಸಿತು. ಅದಕ್ಕೆ ಅದೇ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿದರು, ಅವನು ಅರ್ಧ ದಿನದಲ್ಲಿ ಮಾಡು ನಿಲ್ಲಿಸಿಕೊಟ್ಟ. ಹೋಗುವಾಗ ಶಟರ್ ಕಡೆ ಒಮ್ಮೆ, ಯಜಮಾನರ ಕಡೆ ಒಮ್ಮೆ ನೋಡಿದನಂತೆ. ‘ಅದನ್ನೂ ನೋಡಾನ, ತಡಿಯಪ್ಪಾ’ ಎಂದರಂತೆ ಇವರು.

ವೆಲ್ಡಿಂಗ್ ಅಂಗಡಿಯವನ ಮೊದಲ ಚೀಟಿ ದೇವರ ಪಟದ ಹಿಂದೆ ಸಿಕ್ಕಿಸಿದ್ದು ಇನ್ನೂ ಇದೆ. ಅದರ ಮೇಲೆ ಹೊಸ ಶಟರಿನ ಚೀಟಿಗಳು, ಅವುಗಳ ಮೇಲೆ ಮಗನ ಬಟನ್ ಬಾಗಿಲಿನದು. ಸುಮಾರು ದಪ್ಪಗೇ ಆಗಿದೆ, 18 ಗೇಜಿಗೆ ಕಮ್ಮಿಯಿಲ್ಲ.

ನೀವೇನಾದರೂ ಆ ಕಡೆ ಹೋದರೆ ಶಟರ್ ಮುಂದೆ ಒಂದು ನಿಮಿಷ ನಿಲ್ಲಿ. ತಡಿಯಪ್ಪನವರೇ ಬಂದು, ‘ನೀವು ತಿಳಿದೋರು, ರಿಪೇರಿನೋ ಹೊಸದೋ ಹೇಳಿ’ ಎಂದು ಕೇಳುತ್ತಾರೆ. ರಿಪೇರಿ ಅಂತಲೇ ಹೇಳಿ, ಅದೇ ಸರಿ. ಕಾಫಿ ಕೊಡುತ್ತಾರೆ. ಹೊಸದು ಅಂದರೂ ಕೊಡುತ್ತಾರೆ. ಎಳನೀರು ಮಾತ್ರ ಕೇಳಬೇಡಿ. ಅದು ಮದ್ದೂರಿನವರ ವ್ಯಾಪಾರ, ನಮ್ಮ ಕಡೆ ಕಾಯಿ ಎಳೆಯದಾಗಿರುವಾಗ ಯಾರೂ ಕೀಳುವುದಿಲ್ಲ.