ಮೂರು ಹೆಚ್ಚಿಗೆ

ಟಪಾಲಿನವ ಬಾಗಿಲಲ್ಲಿ ನಿಂತು ಮುಸಿಮುಸಿ ನಗುತ್ತಿದ್ದಾನೆಂದರೆ ನಮ್ಮ ಮನೆಯಲ್ಲಿ ಅದಕ್ಕೆ ಎರಡೇ ಅರ್ಥ. ಒಂದೋ ದೀಪಾವಳಿ ಹತ್ತಿರ ಬಂದಿದೆ. ಇಲ್ಲವೇ ಸುರಪುರದಿಂದ ಕಾಕಾನ ಕಾರ್ಡು ಬಂದಿದೆ, ದಾರಿಯಲ್ಲೇ ಅವನು ಅದನ್ನು ಓದಿ ಮುಗಿಸಿದ್ದಾನೆ. "ಸರ್ರ, ನಿಮ್ಮ ಅಳಿಯಾಗ ಲೈನ್‌ಮನ್ ನೌಕ್ರಿ ಆತಂತ" ಎಂದು ಸುದ್ದಿಯನ್ನು ಮೊದಲು ಕೊಟ್ಟು ಕಾರ್ಡನ್ನು ಆಮೇಲೆ ಕೊಡುತ್ತಾನೆ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಎದುರುಮನೆಯವರು ಪೇಢೆ ಕೇಳಲು ಬಂದಿರುತ್ತಾರೆ.

ಕಾಕಾನಂಥವರೊಬ್ಬರು ಎಲ್ಲ ಬಳಗದಲ್ಲೂ ಇರುತ್ತಾರೆ. ಸಾಮಾನ್ಯವಾಗಿ ರಿಟೈರ್ಡ್ ಮಾಸ್ತರು. ಅಂಗಿಯ ಕಿಸೆಯಲ್ಲಿ ಎರಡು ಪೆನ್ನು: ನೀಲಿ ಬರೆಯಲಿಕ್ಕೆ, ಕೆಂಪು ತಿದ್ದಲಿಕ್ಕೆ. ಬಳಗದಲ್ಲಿ ಯಾರು ಹುಟ್ಟಿದರು, ಯಾರು ಪಾಸಾದರು, ಯಾರ ಹೊಲದಲ್ಲಿ ಬೋರಿಗೆ ನೀರು ಬಿತ್ತು ಎಂಬುದು ಇವರಿಗೆ ಮೊದಲು ತಿಳಿಯುತ್ತದೆ, ಮತ್ತು ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಶಕ್ತಿಯನ್ನು ದೇವರು ಇವರಿಗೆ ಕೊಟ್ಟಿರುವುದಿಲ್ಲ. ಇವರ ಕಾರ್ಡಿನ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿರುತ್ತದೆ. ನಮ್ಮವನು ನಮ್ಮಪ್ಪನ ತಮ್ಮ. (ಏಕವಚನಕ್ಕೆ ಬೇಸರ ಬೇಡ. ನಮ್ಮ ಕಡೆ ಕಾಕಾನಿಗೆ ಬಹುವಚನ ಹಚ್ಚಿದರೆ ಹೊಲದ ಬದುವಿನ ಜಗಳ ಶುರುವಾಗಿದೆ ಎಂದೇ ಅರ್ಥ.)

ಕಾರ್ಡೇ ಯಾಕೆ, ಲಕೋಟೆ ಯಾಕಿಲ್ಲ ಎಂದು ಒಮ್ಮೆ ಕೇಳಿದ್ದೆ. ಕಾಕಾನ ಬಳಿ ಇದಕ್ಕೊಂದು ಶಾಸ್ತ್ರವೇ ಇದೆ. "ಸಿಹಿ ಸುದ್ದಿ ಬಿಚ್ಚಿ ಕಳಿಸಬೇಕು ತಮ್ಮಾ, ಬೈಗಳ ಮುಚ್ಚಿ ಕಳಿಸಬೇಕು." ಹಾಗಾಗಿ ಸಾಧನೆ ಎಲ್ಲ ಕಾರ್ಡಿನ ಮೇಲೆ, ಟಪಾಲು ಕಚೇರಿಯವರು, ಬಸ್ಸಿನವರು, ಓಣಿಯವರು ಎಲ್ಲ ಓದಲಿ. ತಪ್ಪು ಮಾಡಿದವರಿಗೆ ಇನ್‌ಲ್ಯಾಂಡು. 1950ರ ಗಾಂಧಿ ಜಯಂತಿಯ ದಿನ ಈ ಇನ್‌ಲ್ಯಾಂಡ್ ಪತ್ರ ಶುರುವಾದದ್ದು. ಅಹಿಂಸೆಯ ದಿನ ಹುಟ್ಟಿದ ಕಾಗದದಿಂದ ಇಷ್ಟು ಪೆಟ್ಟು ತಿಂದ ಬಳಗ ನಮ್ಮದೊಂದೇ ಇರಬೇಕು. ಆ ತಿಳಿನೀಲಿ ಕಾಗದ ಬಂದರೆ ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಒಳಗೆ ತುಂಬಿ, ಸಾಲದೆ ಅಂಟಿಸುವ ಮಡಿಕೆಯ ಮೇಲೂ ಎರಡು ಸಾಲು ಬೈದಿರುತ್ತಿದ್ದ. ಒಡೆಯುವಾಗ ಆ ಸಾಲು ಹರಿದುಹೋಗಿ, ಯಾವ ತಪ್ಪಿಗೆ ಬೈದ ಎಂಬುದೇ ಗೊತ್ತಾಗದೆ ಎಲ್ಲ ತಪ್ಪಿಗೂ ಕ್ಷಮೆ ಕೇಳಿದ್ದೂ ಉಂಟು.

ಈಗ ನನ್ನ ಗಾಯದ ವಿಷಯಕ್ಕೆ ಬರುತ್ತೇನೆ. ಈ ಲೇಖನ ಬರೆಯುತ್ತಿರುವುದೇ ಅದಕ್ಕೆ.

1987ರಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಪಾಸಾದೆ, ಅಷ್ಟೆ, ಅದರ ಮೇಲೆ ಹೇಳುವಂಥದ್ದು ಏನೂ ಇರಲಿಲ್ಲ. ಕಾಕಾನಿಗೆ ಇತ್ತು. ಮಾರ್ಕ್ಸ್ ಕಾರ್ಡು ಕೈಗೆ ಬಂದ ದಿನವೇ ಟಪಾಲು ಕಚೇರಿಗೆ ಹೋಗಿ ನಲವತ್ತು ಕಾರ್ಡು ತಂದ. ಹದಿನೈದು ಪೈಸೆಯ ಹಾಗೆ ಆರು ರೂಪಾಯಿ (ಈ ಗುಣಾಕಾರ ಹೆಂಡತಿಯಿಂದ ಮಾಡಿಸಿದ್ದು). ಚಿಗವ್ವ ಅರಿಷಿಣ ಕಲಿಸಿ ಕೊಟ್ಟಳು. ರಾತ್ರಿ ಕಂದೀಲಿನ ಬೆಳಕಲ್ಲಿ ಕುಂತು ಹುಣಸಗಿ, ಕೆಂಭಾವಿ, ಕಕ್ಕೇರಾ, ಸಗರ, ಶಹಾಪುರ, ಗುರುಮಠಕಲ್, ರಾಯಚೂರು, ಸೊಲ್ಲಾಪುರ, ಹೈದರಾಬಾದ್ ಎಂದು ನಲವತ್ತು ವಿಳಾಸಕ್ಕೆ ಒಂದೇ ಒಕ್ಕಣೆ ಬರೆದ: "ಚಿರಂಜೀವಿಯು ಪ್ರಥಮ ಪ್ರಯತ್ನದಲ್ಲಿಯೇ ತೇರ್ಗಡೆ ಹೊಂದಿರುತ್ತಾನೆ. ಗಣಿತದಲ್ಲಿ 38. ಪಾಸಾಗಲು 35 ಸಾಕಿತ್ತು, 3 ಹೆಚ್ಚಿಗೆ ತಂದಿರುತ್ತಾನೆ. ಎಲ್ಲರಿಗೂ ತಿಳಿಸುವುದು."

ಎಲ್ಲರಿಗೂ ತಿಳಿಯಿತು. ಆ ವರ್ಷ ಯಾವ ಮದುವೆಗೆ ಹೋದರೂ ಹಂದರದಲ್ಲಿ ಹಿರಿಯರು ಗಲ್ಲ ಹಿಂಡಿ "ಇವನೇನು, ಮೂರು ಹೆಚ್ಚಿಗೆ ತಂದಾಂವ?" ಎನ್ನುತ್ತಿದ್ದರು. ಕುಹಕವಲ್ಲ, ನಿಜವಾದ ಮೆಚ್ಚುಗೆ. ಅದೇ ಹೆಚ್ಚು ಸುಡುತ್ತಿತ್ತು.

ಎಂಟು ವರ್ಷ ಕಳೆಯಿತು. ಜನ ಮರೆತರು ಎಂದುಕೊಂಡೆ. ಅಷ್ಟರಲ್ಲಿ ನನಗೆ ನೌಕರಿ ಸಿಕ್ಕಿತ್ತು, ಅದೂ ಲೆಕ್ಕಪತ್ರದ ವಿಭಾಗದಲ್ಲಿ. (ನಗಬೇಡಿ. ಕಚೇರಿಯವರು ನಕ್ಕು ಮುಗಿಸಿದ್ದಾರೆ.) ಕನ್ಯಾ ನೋಡಲು ಶಹಾಪುರಕ್ಕೆ ಹೋದೆವು. ಊರ ಹೊರಗಿನ ಗುಡ್ಡಸಾಲಿನಲ್ಲಿ ಬುದ್ಧ ಅಂಗಾತ ಮಲಗಿದ್ದು ಬಸ್ಸಿನ ಕಿಟಕಿಯಿಂದ ಕಂಡು ಶುಭಶಕುನವೆಂದುಕೊಂಡೆ. ಉಪ್ಪಿಟ್ಟು, ಶಿರಾ ಬಂತು. ಕನ್ಯೆಯ ತಂದೆಯೂ ಮಾಸ್ತರು. "ಓದು ಹೆಂಗಿತ್ರಿ?" ಎಂದರು. ನೌಕರಿಗೆ ತಕ್ಕ ಮಾತಿರಲೆಂದು, "ಚಲೋ ಇತ್ರಿ. ಗಣಿತ ಅಂದ್ರ ನನಗ ಮೊದಲಿಂದ ಭಾಳ ಇಷ್ಟ" ಎಂದೆ.

ಅವರು ಏನೂ ಅನ್ನದೆ ಎದ್ದರು. ಗೋಡೆಯ ಮೊಳೆಗೆ ಒಂದು ತಂತಿ ತೂಗುಬಿದ್ದಿತ್ತು. ಕೆಳಗೆ ಕಟ್ಟಿಗೆಯ ಬಿಲ್ಲೆ, ಮೇಲೆ ಕೊಕ್ಕೆ, ನಡುವೆ ಚುಚ್ಚಿದ ಕಾಗದಗಳು. ಆಗ ಎಲ್ಲರ ಮನೆಯಲ್ಲೂ ಇರುತ್ತಿದ್ದಂಥದ್ದು. ಅದನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ತೆಗೆಯತೊಡಗಿದರು. ಕರೆಂಟು ಬಿಲ್ಲು, ಕಂದಾಯದ ರಸೀದಿ, ಲಗ್ನಪತ್ರಿಕೆ, ಮತ್ತೆ ಕರೆಂಟು ಬಿಲ್ಲು. ಎಂಬತ್ತೊಂಬತ್ತು, ಎಂಬತ್ತೆಂಟು, ಎಂಬತ್ತೇಳು ಎಂದು ವರ್ಷಗಳು ಹಿಂದಕ್ಕೆ ಸರಿಯುತ್ತಿದ್ದ ಹಾಗೆ ನನ್ನ ಬಾಯೊಳಗಿನ ಶಿರಾ ಕೆಳಗಿಳಿಯಲೊಲ್ಲದು. ತಳದ ಹತ್ತಿರ, ಮೂಲೆಯ ಅರಿಷಿಣ ಕಂದಿದ ಒಂದು ಕಾರ್ಡು. ನನ್ನ ಪಕ್ಕದಲ್ಲೇ ಕುಂತಿದ್ದ ಕಾಕಾನ ಮುಖ ಅರಳಿತು. "ನಾನು ಇವರು ಟ್ರೇನಿಂಗ್ ಕೂಡೇ ಮಾಡೀವಿ. ಇವರಿಗೆ ಬರೀದೆ ಬಿಡ್ತೀನೇನು?" ಎಂದ. ಕನ್ಯೆಯ ತಂದೆ ಗಟ್ಟಿಯಾಗಿ ಓದಿದರು. "3 ಹೆಚ್ಚಿಗೆ" ಎಂಬಲ್ಲಿಗೆ ಬಂದಾಗ ಪರದೆಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಅವಳೇ ಈಗ ನನ್ನ ಹೆಂಡತಿ. ಕಿರಾಣಿ ಲೆಕ್ಕದಲ್ಲಿ ನೂರು ರೂಪಾಯಿ ಹೆಚ್ಚುಕಡಿಮೆಯಾದರೆ, "ಇರಲಿ ಬಿಡ್ರಿ, ನೀವು ಮೂರು ಹೆಚ್ಚಿಗೆ ತಂದವ್ರು" ಎನ್ನುತ್ತಾಳೆ.

ಕಾಕಾನ ಉಳಿದ ಗುಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾರ್ಡಿಗೆ ಉತ್ತರ ಬರಲೇಬೇಕು. ಫೋನು ಮಾಡಿದರೆ ನಡೆಯದು. "ಫೋನಿನ್ಯಾಗ ಹೇಳಿದ್ದು ತಂತಿಗಿ ಚುಚ್ಚಲಾಕ ಬರ್ತದೇನು?" ಉತ್ತರ ಬರೆದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ಸು ಬರುತ್ತದೆ. ಒಮ್ಮೆ ಅವಸರದಲ್ಲಿ "ಆಶಿರ್ವಾದ" ಎಂದು ಬರೆದಿದ್ದೆ. "ದೀರ್ಘ ಇಲ್ಲದ ಆಶೀರ್ವಾದ ಬೇಡುವವನಿಗೆ ಆಯುಷ್ಯವೂ ದೀರ್ಘವಿರುವುದಿಲ್ಲ" ಎಂದು ಅಂಚಿನಲ್ಲಿ ಷರಾ ಬರೆದಿದ್ದ. ಪಿನ್ ಕೋಡಿನ ವಿಷಯದಲ್ಲಂತೂ ಮಡಿವಂತ. ಶಹಾಪುರ 585223, ಸುರಪುರ 585224. ಒಂದಂಕಿ ತಪ್ಪಿ ಕಾರ್ಡು ಶಹಾಪುರ ಸುತ್ತಿ ಬಂದರೆ, ಬಸ್ಸಿಗೆ ಒಂದು ತಾಸಿನ ದಾರಿಯಾದರೂ, ಕಾಶಿಗೆ ಹೋಗಿ ಬಂದವರನ್ನು ಮಾತಾಡಿಸುವ ಹಾಗೆ ಅದನ್ನು ಮಾತಾಡಿಸುತ್ತಾನೆ.

2009ರ ಡಿಸೆಂಬರ್ 30ರಂದು ಯಾದಗಿರಿ ರಾಜ್ಯದ 30ನೇ ಜಿಲ್ಲೆಯಾದಾಗಲೂ ಬಳಗಕ್ಕೆಲ್ಲ ಅರಿಷಿಣದ ಕಾರ್ಡು ಬಂತು: "ನಮ್ಮ ಯಾದಗಿರಿಗೆ ಪ್ರಮೋಶನ್ ಆಗಿರುತ್ತದೆ." ಪಿನ್ ಕೋಡಿನ ಮೊದಲ ಮೂರು ಅಂಕಿ ಮಾತ್ರ ಗುಲಬರ್ಗಾದವೇ ಉಳಿದವು. ಹಿಸ್ಸೆಯಾದ ಮೇಲೂ ಮನೆಹೆಸರು ಹೋಗುವುದಿಲ್ಲ ನೋಡು ಎಂದು ಅದರಲ್ಲೂ ಸಂತೋಷಪಟ್ಟ.

ಇನ್ನು ಟೇಲರ್ ಸಾಹೇಬ. ಸುರಪುರದವರ ಜೊತೆ ಹತ್ತು ನಿಮಿಷ ಕುಂತರೆ ಟೇಲರ್ ಬಂದೇ ಬರುತ್ತಾನೆ. 1840ರ ದಶಕದಲ್ಲಿ ಫಿಲಿಪ್ ಮೆಡೋಸ್ ಟೇಲರ್ ಇಲ್ಲಿಯ ಸಂಸ್ಥಾನಕ್ಕೆ ಬ್ರಿಟಿಷರ ಪ್ರತಿನಿಧಿಯಾಗಿ ಬಂದು ಹತ್ತು ವರ್ಷದ ಮೇಲಿದ್ದ. ಗುಡ್ಡದ ಮೇಲಿನ ಅವನ ಬಂಗಲೆ ಟೇಲರ್ ಮಂಜಿಲ್ ಎಂದು ಇನ್ನೂ ನಿಂತಿದೆ. ಬಾಲಕ ರಾಜಾ ವೆಂಕಟಪ್ಪ ನಾಯಕ ಅವನನ್ನು "ಅಪ್ಪಾ" ಎಂದೇ ಕರೆಯುತ್ತಿದ್ದನಂತೆ. ಕಾಕಾನಿಗೆ ಬೇಕಾದದ್ದು ಅದ್ಯಾವುದೂ ಅಲ್ಲ. ಟೇಲರ್ ತನ್ನ ಬಂಧು ಹೆನ್ರಿ ರೀವ್‌ಗೆ ಬರೆದ ಪತ್ರಗಳು 1947ರಲ್ಲಿ ಪುಸ್ತಕವಾಗಿ ಬಂದವು ಎಂಬುದಷ್ಟೇ ಬೇಕು. "ನೂರು ವರ್ಷದ ಮ್ಯಾಲ ಛಾಪಾ ಆದವು! ಯಾಕ? ಆ ರೀವ್ ಅನ್ನಾಂವ ಜ್ವಾಪಾನ ಇಟ್ಟಿದ್ದ. ನೀ ಇಟ್ಟೀಯೇನು ನನ್ನವು?" ನಾನು ಇಟ್ಟಿಲ್ಲ. ಆ 38ರ ಕಾರ್ಡು ಮಾತ್ರ ಹೆಂಡತಿ ತವರಿನಿಂದ ತಂದು ಬೀರುವಿನಲ್ಲಿಟ್ಟಿದ್ದಾಳೆ.

ಇಷ್ಟು ಸಣ್ಣ ಸುದ್ದಿಗೆ ಇಷ್ಟು ಗದ್ದಲ ಯಾಕೆ ಮಾಡುತ್ತಾನೆ ಎಂದು ಬಹಳ ವರ್ಷ ಬೈದುಕೊಂಡಿದ್ದೇನೆ. ಕಾಕಾನ ಕಟ್ಟೆಯ ಮೇಲೆ ಸಂಜೆ ಹೊತ್ತು ಹೆಣ್ಣುಮಕ್ಕಳು ಬಂದು ಕುಂತಿರುತ್ತಿದ್ದುದು ನೆನಪಿದೆ. ನಮ್ಮ ಭಾಗದಿಂದ ಮುಂಬಯಿ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗುವವರು ಆಗಲೂ ಬಹಳ, ಈಗಲೂ ಬಹಳ. ಮಗ ಕಳಿಸಿದ ಮನಿಯಾರ್ಡರಿನ ಚೀಟಿ ಓದಿಸಿಕೊಂಡು, ತಿರುಗಿ ಬರೆಸಲು ಬರುತ್ತಿದ್ದರು. "ಏನಂತ ಬರೀಲಿ ಯವ್ವಾ?" "ಎಲ್ಲಾರೂ ಆರಾಮ ಅದೀವಂತ ಬರೀರಿ." "ಅಟು ಸಾಲಂಗಿಲ್ಲ. ಮನಿಯಾಗ ಏನು ಛಲೋ ಆತು, ಅದು ಹೇಳು." ಆಕೆ ಬಹಳ ಹೊತ್ತು ಯೋಚಿಸಿ, "ಆಡು ಈದದ್ರಿ. ಎರಡು ಮರಿ" ಎನ್ನುತ್ತಿದ್ದಳು. ಕಾಕಾ ಎದ್ದು ಒಳಗೆ ಹೋಗಿ ಅರಿಷಿಣ ತರುತ್ತಿದ್ದ.

2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ 52ರ ಆಸುಪಾಸು, ರಾಜ್ಯಕ್ಕೇ ಕೊನೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ 94, ನಾವು 50.59, ಅಲ್ಲೂ ಕೊನೆ. ಟಿ.ವಿ.ಯಲ್ಲಿ ಆ ಪಟ್ಟಿ ಬಂದ ದಿನ ಕಾಕಾನ ಮನೆಯಲ್ಲಿದ್ದೆ. "ಅರ್ಧಾ ಮಂದಿ ಫೇಲ್ ನೋಡು" ಎಂದೆ. "ಅರ್ಧಾ ಮಂದಿ ಪಾಸ್ ಆಗ್ಯಾರಲ್ಲ, ಅವರಿಗ್ಯಾರು ಬರೀತಾರ?" ಎಂದು ಪೆನ್ನು ಹುಡುಕಿದ. ಓಣಿಯಲ್ಲಿ ಪಾಸಾದ ಏಳು ಮಕ್ಕಳಿಗೆ, ಮಗ್ಗುಲ ಮನೆಯ ಹುಡುಗಿಗೂ ಸೇರಿಸಿ, ಟಪಾಲಿನಲ್ಲೇ ಕಾರ್ಡು ಕಳಿಸಿದ. ಕೈಯಲ್ಲೇ ಕೊಡಬಹುದಿತ್ತಲ್ಲ ಎಂದದ್ದಕ್ಕೆ, "ಆ ಹುಡುಗಿ ಹೆಸರಿಗಿ ಇದುತನ ಟಪಾಲ ಬಂದಿಲ್ಲ" ಎಂದ.

ಕಳೆದ ವರ್ಷ ನನ್ನ ಮಗಳಿಗೆ ನಮ್ಮ ಭಾಗಕ್ಕಿರುವ 371(ಜೆ) ಮೀಸಲಾತಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಕಾರ್ಡು ಬಂತು, ಗಣಿತದಲ್ಲಿ ಅಪ್ಪನಿಗಿಂತ ಎಷ್ಟು ಹೆಚ್ಚಿಗೆ ಎಂಬ ವಿವರದೊಂದಿಗೆ. ಅವಳು ಅದರ ಫೋಟೋ ಹೊಡೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿ, ಕಾಕಾನಿಗೆ, ಅಂದರೆ ಅವಳ ಮುತ್ಯಾನಿಗೆ, ಫೋನು ಮಾಡಿ ಹೇಳಿದಳು, "212 ಮಂದಿ ನೋಡ್ಯಾರ ಮುತ್ಯಾ!" ಒಂದೇ ಕಾರ್ಡಿಗೆ 212 ಮಂದಿ ಎಂದು ಕಾಕಾ ಹೌಹಾರಿದ. ಸ್ವಲ್ಪ ಹೊತ್ತಿನ ಮೇಲೆ, "ಉತ್ತರ ಎಷ್ಟು ಬಂದಾವು?"

"ಹಾರ್ಟ್ ಬಂದಾವು, ನಲವತ್ತೊಂದು."

"ಅದರಾಗ ಏನಂತ ಬರದಾರ?"

"ಏನೂ ಬರಿಯಂಗಿಲ್ಲ ಮುತ್ಯಾ, ಬರೇ ಹಾರ್ಟ್."

ಆ ಕಡೆ ಮಾತು ನಿಂತಿತು. ಲೈನು ಕಟ್ಟಾಯಿತೆಂದು ಮಗಳು ಫೋನು ಇಟ್ಟಳು.

ಸಂಕ್ರಾಂತಿಗೆ ಸುರಪುರಕ್ಕೆ ಹೋಗಿದ್ದೆವು. ಕಾಕಾನ ಕೈ ಈಗ ನಡುಗುತ್ತದೆ. ಸಾಲುಗಳು ಗುಡ್ಡ ಇಳಿದ ಹಾಗೆ ಬಲಕ್ಕೆ ಜಾರುತ್ತವೆ. ಕುಂತಲ್ಲೇ ನಿದ್ದೆ ಹತ್ತಿತ್ತು. ಗೋಡೆಯ ಮೇಲಿನ ತಂತಿ ಇಳಿಸಿ ನನ್ನ ಉತ್ತರಗಳನ್ನು ಹುಡುಕಿದೆ. ತಿದ್ದಿ ಕಳಿಸಿದ್ದನ್ನು ಬಿಟ್ಟರೆ, ಇಷ್ಟು ವರ್ಷಕ್ಕೆ ನಾಲ್ಕು. ಹೆಂಡತಿ ಹಿಂದೆ ನಿಂತು ನೋಡುತ್ತಿದ್ದಳು. "ಮೂರರ ಮ್ಯಾಲ ಒಂದು ಹೆಚ್ಚಿಗಿ ಅವ ನೋಡ್ರಿ" ಎಂದಳು. ಈ ಸಲ ಅವಳೂ ನಗಲಿಲ್ಲ.

ಈ ಲೇಖನ ಅಚ್ಚಾದರೆ ಕಾಕಾ ಅದನ್ನೂ ಬಳಗದ ಸಾಧನೆಯ ಲೆಕ್ಕಕ್ಕೇ ಹಿಡಿಯುತ್ತಾನೆ. ಮೂಲೆಗೆ ಅರಿಷಿಣ ಹಚ್ಚಿದ, ಸಾಲು ಜಾರಿದ ಕಾರ್ಡೊಂದು ನಿಮ್ಮಲ್ಲಿ ಯಾರ ಮನೆಗಾದರೂ ಬರಬಹುದು. ಬಂದರೆ ದಯವಿಟ್ಟು ಫೋನು ಮಾಡಬೇಡಿ, ನಾಲ್ಕು ಸಾಲು ಬರೆಯಿರಿ. ಕಾರ್ಡಿಗೆ ಐವತ್ತು ಪೈಸೆ. ಪಿನ್ ಕೋಡಿನ ಕೊನೆಯ ಅಂಕಿ ನಾಲ್ಕು. ಆಶೀರ್ವಾದಕ್ಕೆ ದೀರ್ಘವಿರಲಿ. ಇನ್‌ಲ್ಯಾಂಡ್ ಮಾತ್ರ ಬೇಡ. ಯಾರೋ ಬೈದು ಬರೆದಿದ್ದಾರೆಂದು ಒಡೆಯದೇ ಇಟ್ಟುಬಿಡುತ್ತಾನೆ.