ಪಣಂಬೂರಿನ ಗಾಳಿಗೆ ಯಾವ ಏರ್‌ಬ್ರಷ್?

ಇಲ್ಲ ಶೆಟ್ರೇ, ನಿಮ್ಮ ಬೈಕಂಪಾಡಿ ಗ್ಯಾರೇಜಿನ ಸ್ಪ್ರೇ ಗನ್ನು ಮಾಡೆಲ್ ಕಾರಿಗೆ ಆಗುವುದಿಲ್ಲ. ಅದರ ನಾಜಲ್ 1.4 ಮಿಲಿಮೀಟರ್. ಇನ್ನೋವಾದ ಬಾನೆಟ್ಟಿಗೆ ಸರಿ, ನಿಮ್ಮ ಪುಳ್ಳಿಯ ಕೈಯಲ್ಲಿರುವ ಕಾರಿಗಲ್ಲ. ಅದು ನಿಜವಾದ ಕಾರಿನ 24ರಲ್ಲಿ ಒಂದು ಅಳತೆ. ಅಂಬಾಸಿಡರ್ ಕಾರು 4.3 ಮೀಟರ್ ಉದ್ದ ಅಲ್ವಾ, ಈ ಲೆಕ್ಕದಲ್ಲಿ ಮಾಡಿದರೆ 18 ಸೆಂಟಿಮೀಟರ್. ಮಾರುತಿ 800 ಆದರೆ 14, ಅಂಗೈಯಲ್ಲಿ ಕೂರ್ತದೆ. ಗನ್ನಿನ ಟ್ರಿಗರ್ ಒಮ್ಮೆ ಒತ್ತಿದರೆ ಸಾಕು, ಬಾಗಿಲಿನ ಗೆರೆ, ಬಾನೆಟ್ಟಿನ ಗೆರೆ, ಹಿಡಿಕೆ ಎಲ್ಲ ಬಣ್ಣದಲ್ಲಿ ಮುಚ್ಚಿಹೋಗ್ತದೆ.

ದಪ್ಪದ ಲೆಕ್ಕ ನಿಮಗೆ ಗೊತ್ತುಂಟಲ್ಲ? ಕಂಪನಿಯಿಂದ ಬರುವ ಕಾರಿಗೆ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿ ಸುಮಾರು 100 ಮೈಕ್ರಾನ್. ಅದನ್ನೂ 24ರಿಂದ ಭಾಗಿಸಿದರೆ 4 ಮೈಕ್ರಾನ್ ಚಿಲ್ಲರೆ. ಅಷ್ಟು ತೆಳುವಾಗಿ ಹೊಡೆಯಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಈ ಕೆಲಸ ಗೊತ್ತಿದ್ದವರು ಪ್ರೈಮರಿಗೆ ಮೊದಲೇ ಬಾಗಿಲಿನ ಗೆರೆಗಳನ್ನು ಸೂಜಿಯಂಥ ಹತ್ಯಾರದಲ್ಲಿ ಗೀರಿ ಸ್ವಲ್ಪ ಆಳ ಮಾಡಿಕೊಳ್ತಾರೆ, ಬಣ್ಣ ಬಿದ್ದ ಮೇಲೂ ಗೆರೆ ಉಳಿಯಬೇಕಲ್ಲ. ಮೆಟಾಲಿಕ್ ಬಣ್ಣದ್ದೂ ಇದೇ ಕಥೆ. ನಿಮ್ಮ ಅಂಗಡಿಯ ಸಿಲ್ವರ್ ಸ್ವಿಫ್ಟಿಗೆ ಚೆಂದ ಕಾಣ್ತದೆ, ಇಷ್ಟು ಸಣ್ಣ ಕಾರಿಗೆ ಹೊಡೆದರೆ ಅದರ ಮಿನುಗಿನ ಕಣಗಳು ಒಂದೊಂದೂ ಎದ್ದು ಕಾಣ್ತವೆ. ಜಪಾನಿನ ತಮಿಯಾದವರು, ಮಿಸ್ಟರ್ ಕಲರ್‌ನವರು ಮಾಡೆಲಿಗೆಂದೇ ಬೇರೆ ಬಣ್ಣ ಮಾಡುವುದು ಇದಕ್ಕೇ. ಕಣ ನುಣ್ಣಗಿರ್ತದೆ.

ಬಣ್ಣ ತೆಳು ಮಾಡಲು ನಿಮ್ಮ ಗ್ಯಾರೇಜಿನ ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರಾ? ಬೇಡವೇ ಬೇಡ. ಕಿಟ್ ಕಾರಿನ ಬಾಡಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕು. ಥಿನ್ನರ್ ಅದನ್ನು ತಿಂದು ಮೇಲೆಲ್ಲ ಬಿರುಕು ಎಬ್ಬಿಸ್ತದೆ, ಮತ್ತೆ ಉಜ್ಜಿದರೂ ಹೋಗುವುದಿಲ್ಲ. ಹಾಟ್ ವೀಲ್ಸ್ ತರಹದ ಲೋಹದ ಕಾರಿನ ಬಣ್ಣ ತೆಗೆದು ಹೊಸತು ಹೊಡೆಯುವುದಾದರೆ ಆ ಹೆದರಿಕೆ ಇಲ್ಲ. ಇನ್ನೊಂದು ಮಾತು, ಇದನ್ನು ನಾನು ಗಟ್ಟಿಯಾಗಿಯೇ ಹೇಳ್ತೇನೆ: ಹಾರ್ಡನರ್ ಬೆರೆಸಿ ಹೊಡೆಯುವ ಟೂ-ಕೆ ಕ್ಲಿಯರ್ ಆ ಹುಡುಗನ ಕೈಗೆ ಕೊಡಬೇಡಿ. ಹೊಳಪು ಅದರಷ್ಟು ಬೇರೆ ಯಾವುದರಲ್ಲೂ ಬರುವುದಿಲ್ಲ, ಒಪ್ಪಿದೆ. ಆದರೆ ಅದರ ಹಾರ್ಡನರಿನಲ್ಲಿ ಐಸೊಸೈನೇಟ್ ಉಂಟು. ಶ್ವಾಸಕೋಶಕ್ಕೆ ಒಮ್ಮೆ ಅದು ಒಗ್ಗದೆ ಹೋದರೆ ಜೀವನಪೂರ್ತಿ ಉಬ್ಬಸ ಕಾಡಬಹುದು. ಮನೆಯ ಚಾವಡಿಯಲ್ಲಿ ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ಹೊಡೆಯುವ ವಸ್ತು ಅಲ್ಲ ಅದು. ಮಾಮೂಲಿ ಲ್ಯಾಕರಿಗೂ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ಈಗ ಏರ್‌ಬ್ರಷ್ಷಿನ ವಿಷಯಕ್ಕೆ ಬನ್ನಿ. ಅದು ಹೊಸ ಸಾಮಾನೇನಲ್ಲ. ಅಮೆರಿಕದ ಅಬ್ನರ್ ಪೀಲರ್ 1870ರ ದಶಕದಲ್ಲೇ ಒಂದನ್ನು ಮಾಡಿದ್ದ, 1892ರಲ್ಲಿ ಚಾರ್ಲ್ಸ್ ಬರ್ಡಿಕ್ ಪೇಟೆಂಟ್ ತೆಗೆದದ್ದು ಹೆಚ್ಚುಕಡಿಮೆ ಇವತ್ತಿನ ಪೆನ್ನಿನ ಆಕಾರದ್ದೇ. ಹಳೆಯ ಸ್ಟುಡಿಯೊಗಳಲ್ಲಿ ಫೋಟೊ ತಿದ್ದುತ್ತಿದ್ದದ್ದೂ ಇದರಲ್ಲಿ. ಒಳಗೊಂದು ಸೂಜಿ, ಎದುರು ನಾಜಲ್, ಮೇಲೆ ಬಣ್ಣದ ಬಟ್ಟಲು, ಕೆಳಗೆ ಗಾಳಿಯ ಪೈಪು, ಇಷ್ಟೇ. ಸಿಂಗಲ್ ಆ್ಯಕ್ಷನ್ನಿನಲ್ಲಿ ಗುಂಡಿ ಒತ್ತಿದರೆ ಗಾಳಿ, ಬಣ್ಣ ಒಟ್ಟಿಗೇ ಬರ್ತದೆ. ಡಬಲ್ ಆ್ಯಕ್ಷನ್ನಿನಲ್ಲಿ ಒತ್ತಿದರೆ ಗಾಳಿ, ಹಿಂದೆ ಎಳೆದಷ್ಟು ಬಣ್ಣ. ಬೆರಳು ಪಳಗಲು ಸ್ವಲ್ಪ ದಿನ ಬೇಕು, ಆದರೂ ಡಬಲ್ಲನ್ನೇ ತೆಗೆಸಿಕೊಡಿ. ಬಟ್ಟಲು ಮೇಲೆ ಇರುವುದನ್ನೇ ನೋಡಿ. ಕೆಳಗೆ ಬಾಟ್ಲಿ ನೇತಾಡುವುದಕ್ಕೆ ಬಣ್ಣ ಎಳೆಯಲು ಹೆಚ್ಚು ಒತ್ತಡ ಬೇಕಾಗ್ತದೆ, ಎರಡು ಹನಿ ಬಣ್ಣದಲ್ಲಿ ಕೆಲಸ ನಡೆಯುವುದಿಲ್ಲ.

ಎಲ್ಲರೂ ಎಡವುವುದು ನಾಜಲಿನಲ್ಲಿ. 0.2 ಮಿಲಿಮೀಟರಿನದ್ದೇ ಬೇಕು ಅಂತಾರೆ, ಸಣ್ಣದಾದಷ್ಟು ಕೆಲಸ ನಾಜೂಕು ಅಂತ. ಯುದ್ಧವಿಮಾನದ ಮೇಲೆ ಮಚ್ಚೆಮಚ್ಚೆಯ ಬಣ್ಣ ಎಳೆಯುವವನಿಗೆ ಅದು ಹೌದು. ಕಾರಿಗೆ ಬೇಕಾದ್ದು ಗೆರೆಯಲ್ಲ, ಹೊಳಪು. ಹೊಳಪು ಬರಬೇಕಾದರೆ ಕೊನೆಯ ಕೋಟು ಒದ್ದೆಯಾಗಿ ಬಿದ್ದು, ತಾನೇ ಹರಡಿ ಸಮವಾಗಬೇಕು. 0.2ರಲ್ಲಿ ಹೊಡೆದರೆ ಹನಿಗಳು ಬಾಡಿಗೆ ತಾಗುವ ಮೊದಲೇ ಅರ್ಧ ಒಣಗಿ, ಮೇಲ್ಮೈ ತರಿತರಿ ಆಗ್ತದೆ. ನಿಮ್ಮ ಭಾಷೆಯಲ್ಲಿ ಆರೆಂಜ್ ಪೀಲ್. ಹಾಗಾಗಿ ಕಾರಿನ ಬಾಡಿಗೆ 0.35ರಿಂದ 0.5ರವರೆಗಿನ ನಾಜಲ್. ಇವಾಟಾದ ಎಚ್‌ಪಿ-ಸಿಎಸ್ 0.35, ಬ್ಯಾಡ್ಜರ್ ಪೇಟ್ರಿಯಟ್ 0.5, ಜರ್ಮನಿಯ ಹಾರ್ಡರ್ ಆ್ಯಂಡ್ ಸ್ಟೀನ್‌ಬೆಕ್‌ನವರ ಎವೊಲ್ಯೂಷನ್ನಿಗೆ 0.2, 0.4 ಎರಡನ್ನೂ ಹಾಕಬಹುದು. ಇದ್ಯಾವುದೂ ಬೇಡ, ಚೀನಾದ್ದೇ ಸಾಕು ಅಂತಾದರೆ ತೊಂದರೆ ಇಲ್ಲ, ಆದರೆ ಸೂಜಿ, ನಾಜಲ್ ಬಿಡಿಯಾಗಿ ಸಿಗ್ತದಾ ಕೇಳಿಯೇ ತೆಗೆದುಕೊಳ್ಳಿ. ಹುಡುಗರ ಕೈಯಲ್ಲಿ ಸೂಜಿಯ ತುದಿ ಬಾಗದೆ ಇರುವುದಿಲ್ಲ.

ಆದರೆ ಶೆಟ್ರೇ, ಬ್ರಷ್ಷಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಗಾಳಿಗೆ ಹಾಕಿ. ಬೆಂಗಳೂರಿನಲ್ಲಿ ಕೂತು ಮಾಡುವವರಿಗೆ ಈ ಮಾತು ಅಷ್ಟು ತಾಗಲಿಕ್ಕಿಲ್ಲ. ನಾವಿರುವುದು ಪಣಂಬೂರಿನಲ್ಲಿ, ಕಡಲು ಬಂದರಿನ ಗೋಡೆಯ ಆಚೆಗೇ ಉಂಟು. ಆಟಿ ತಿಂಗಳ ಮಳೆಯಲ್ಲಿ ಗಾಳಿಯ ತೇವ ಶೇಕಡಾ 90ರ ಆಸುಪಾಸು, ಒಂದು ಘನ ಮೀಟರ್ ಗಾಳಿಯಲ್ಲಿ 20 ಗ್ರಾಮಿಗೂ ಹೆಚ್ಚು ನೀರು. ಕಂಪ್ರೆಸರ್ ನಾಲ್ಕು ಪಾಲು ಗಾಳಿಯನ್ನು ಒಂದು ಪಾಲಿಗೆ ಒತ್ತಿದಾಗ, ಅದು ತಣಿದ ಕೂಡಲೇ ಮುಕ್ಕಾಲು ಭಾಗ ನೀರು ಹನಿಯಾಗಿ ಬಿಟ್ಟುಕೊಳ್ತದೆ. ಆ ಹನಿ ಪೈಪಿನಲ್ಲಿ ಓಡಿ ಬಂದು ಬಾನೆಟ್ಟಿನ ಮೇಲೆ ಉಗಿದರೆ ಅಲ್ಲಿಗೆ ಆ ಕೋಟು ಮುಗಿಯಿತು. ಹಾಗಾಗಿ ಟ್ಯಾಂಕ್ ಇಲ್ಲದ ಕಂಪ್ರೆಸರ್ ಬೇಡ. ಮೂರು ಲೀಟರಿನ ಟ್ಯಾಂಕ್ ಇರುವ ಸಣ್ಣ ಪಿಸ್ಟನ್ ಕಂಪ್ರೆಸರ್ ಸಿಗ್ತದೆ, ಸದ್ದೂ ಕಡಿಮೆ. ಗಾಳಿ ಅಲ್ಲಿ ತಣಿದು ನೀರು ಅಡಿಯಲ್ಲಿ ನಿಲ್ತದೆ, ಕೆಲಸ ಮುಗಿದ ಮೇಲೆ ಅಡಿಯ ತಿರುಪು ಬಿಚ್ಚಿ ಅದನ್ನು ಹೊರಗೆ ಬಿಡಿ. ರೆಗ್ಯುಲೇಟರಿನಲ್ಲಿ ಒಂದು ನೀರಿನ ಫಿಲ್ಟರ್, ಬ್ರಷ್ಷಿನ ಹಿಡಿಕೆಯ ಹತ್ತಿರ ಇನ್ನೊಂದು. ಎರಡೂ ಬೇಕು ನಮ್ಮಲ್ಲಿ. ಬಣ್ಣ ಹಾಲಿನಷ್ಟು ತೆಳು, ಒತ್ತಡ 15ರಿಂದ 20 ಪಿಎಸ್‌ಐ.

ಫಿಲ್ಟರ್ ಹಾಕಿದರೂ ಹೊರಗಿನ ತೇವವನ್ನು ಎಂತ ಮಾಡುವುದು? ಲ್ಯಾಕರ್ ಒಣಗುವಾಗ ಥಿನ್ನರ್ ಬೇಗ ಹಾರಿ ಮೇಲ್ಮೈ ತಣ್ಣಗಾಗ್ತದೆ, ಕೋಣೆಯ ತೇವ ಬಂದು ಅಲ್ಲೇ ಕೂತು ಬಣ್ಣ ಬೆಳ್ಳಗೆ ಮಂಕಾಗ್ತದೆ. ಮಳೆಗಾಲದಲ್ಲಿ ಎನ್‌ಸಿ ಹೊಡೆದಾಗ ನಿಮ್ಮಲ್ಲೂ ಹೀಗೇ ಆಗ್ತದಲ್ಲ, ನೀವು ರಿಟಾರ್ಡರ್ ಸೇರಿಸ್ತೀರಿ. ಇಲ್ಲಿಯೂ ಅದೇ ಮದ್ದು. ಮಾಡೆಲಿಗೆಂದೇ ಮಾಡಿದ ಮಿಸ್ಟರ್ ಲೆವೆಲಿಂಗ್ ಥಿನ್ನರಿನಲ್ಲಿ ರಿಟಾರ್ಡರ್ ಮೊದಲೇ ಸೇರಿರ್ತದೆ, ಬಣ್ಣ ನಿಧಾನ ಒಣಗಿ ಹೊಳಪೂ ಬರ್ತದೆ. ಅದಕ್ಕಿಂತ ದೊಡ್ಡ ಮದ್ದು ಕಾಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹುಡುಗ ಕತ್ತರಿಸಲಿ, ಉಜ್ಜಲಿ, ಎಂಜಿನು, ಸೀಟು ಮಾಡಿಡಲಿ. ಬಾಡಿಯ ಬಣ್ಣ ಡಿಸೆಂಬರಿಗೆ. ಬೆಳಗ್ಗಿನ ಇಬ್ಬನಿ ಆರಿದ ಮೇಲೆ, ಕಡಲ ಗಾಳಿ ಏಳುವ ಮೊದಲು. ಆ ಗಾಳಿ ಎದ್ದಿತೋ, ಉಪ್ಪಿನ ತೇವವೂ ಹೆದ್ದಾರಿ 66ರ ಧೂಳೂ ಒಟ್ಟಿಗೇ ಒಳಗೆ ಬರ್ತದೆ.

ಕೋಟು ಒಣಗಲು ಕಾಯುವುದು ಹೇಗೆ ಅಂತ ತಿಳಿಯಲು ಪಿಲಿವೇಷಕ್ಕೆ, ಅಂದರೆ ಹುಲಿವೇಷಕ್ಕೆ, ಬಣ್ಣ ಹಾಕುವುದನ್ನು ಪುಳ್ಳಿಗೆ ಒಮ್ಮೆ ತೋರಿಸಿ. ಈಗ ಅಡಿಬಣ್ಣವನ್ನು ಗನ್ನಿನಲ್ಲಿ ಹೊಡೆಯುವ ತಂಡಗಳೂ ಉಂಟಲ್ಲ. ಮೊದಲ ಕೋಟು ಪೂರ್ತಿ ಒಣಗುವ ತನಕ ವೇಷದವರು ಕೈ ಚಾಚಿಕೊಂಡು ನಿಂತೇ ಇರ್ತಾರೆ, ಎಷ್ಟು ಹೊತ್ತಾದರೂ. ಆಮೇಲೆಯೇ ಪಟ್ಟೆ. ಕಾರಿನ ಬಣ್ಣಕ್ಕೂ ಅದೇ ತಾಳ್ಮೆ ಬೇಕು. ನಿಮ್ಮ ಪೇಂಟ್ ಬೂತಿನಲ್ಲಿ 60 ಡಿಗ್ರಿಯಲ್ಲಿ ಬೇಯಿಸುವ ಹಾಗೆ ಇದನ್ನು ಬೇಯಿಸಲು ಆಗುವುದಿಲ್ಲ, ಪ್ಲಾಸ್ಟಿಕ್ ಬಾಗಬಹುದು. 40 ದಾಟುವುದು ಬೇಡ.

ಇನ್ನು ಅಂಬಾಸಿಡರ್ ಮಾಡ್ತೇನೆ ಅಂತ ಅವನು ಹೇಳಿದ್ದು ನನಗೆ ಬಹಳ ಖುಷಿ. ಪೋರ್ಷೆ, ಫೆರಾರಿ ಕಿಟ್ಟು ಪೆಟ್ಟಿಗೆಯಲ್ಲಿ ಬರ್ತದೆ, ನಮ್ಮ ರಸ್ತೆಯ ಗಾಡಿಗಳನ್ನು ನಾವೇ ಮಾಡಬೇಕಷ್ಟೆ. 2014ರಲ್ಲಿ ಅಂಬಾಸಿಡರಿನ ತಯಾರಿಕೆ ನಿಂತಿತು, ಮಾರುತಿ 800ರದ್ದೂ ಅದೇ ವರ್ಷ. ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ ಕಡೆ ಬರುವ ಸಿಟಿ ಬಸ್ಸುಗಳನ್ನು ಫೋಮ್ ಶೀಟಿನಲ್ಲಿ ಕತ್ತರಿಸಿ, ಹೆಸರು, ಲೈಟು ಸಮೇತ ಮಾಡುವ ಹುಡುಗರು ನಮ್ಮ ಕರಾವಳಿಯಲ್ಲಿದ್ದಾರೆ. ಅವರ ಕೈಗೆ ಇಂಥ ಬಣ್ಣ ಸಿಕ್ಕಿದರೆ ಯಾವ ಜಪಾನಿನ ಕಿಟ್ಟಿಗೂ ಕಡಿಮೆ ಇಲ್ಲ ಅಂತ ನನಗೆ ಖಂಡಿತ ಅನಿಸ್ತದೆ. ಹಳೆಯ ಕಾರು ಹತ್ತಿರದಿಂದ ನೋಡಬೇಕಾದರೆ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿ. ಮಡ್ಗಾರ್ಡಿನ ಬಾಗು, ಕ್ರೋಮಿನ ಅಗಲ ಫೋಟೊದಲ್ಲಿ ತಿಳಿಯುವುದಿಲ್ಲ.

ಮೊದಲನೆಯದಕ್ಕೆ ಬಿಳಿ ಬೇಡ. ಅಂಬಾಸಿಡರ್ ಅಂದರೆ ಬಿಳಿಯೇ ಹೌದು, ಆದರೆ ಬಿಳಿ ಬೇಗ ಮುಚ್ಚಿಕೊಳ್ಳುವುದಿಲ್ಲ, ಮುಚ್ಚಲಿಲ್ಲ ಅಂತ ಹೊಡೆದು ಹೊಡೆದು ದಪ್ಪ ಮಾಡ್ತಾನೆ. ಕಪ್ಪಿನಲ್ಲಿ ಒಂದು ಕೂದಲೂ ಕಾಣ್ತದೆ. ನೀಲಿಯೋ ಹಸಿರೋ ಇರಲಿ. ಬ್ರಷ್ಷು ಬರುವ ತನಕ ಒಡೆದ ಆಟಿಕೆ ಕಾರುಗಳನ್ನು ಒಟ್ಟುಮಾಡಿ ಇಡಲಿ, ಕೈ ಪಳಗಿಸಲು. ಕೈ ಓಡಿಸುವ ಕ್ರಮವನ್ನು ನೀವೇ ಹೇಳಿಕೊಡಬೇಕು, ನನಗಿಂತ ನಿಮಗೇ ಚೆನ್ನಾಗಿ ಗೊತ್ತುಂಟು: ಬಾಡಿಯ ಅಂಚಿಗಿಂತ ಹೊರಗೇ ಶುರು, ಆಚೆಯ ಅಂಚು ದಾಟಿದ ಮೇಲೆಯೇ ನಿಲ್ಲಿಸುವುದು, ಪ್ರತಿ ಪಟ್ಟಿಯೂ ಹಿಂದಿನದ್ದರ ಅರ್ಧದ ಮೇಲೆ. ಮಣಿಕಟ್ಟು ತಿರುಗಬಾರದು. ಅದು 1.4ಕ್ಕೂ ಒಂದೇ, 0.4ಕ್ಕೂ ಒಂದೇ.